ಹಿಂದಿನ ಸೀಟಿನ ಮೇಸ್ತ್ರಿ

ಆ ಊರಿನ ಪಂಪ್‌ಸೆಟ್‌ಗಳೆಲ್ಲ ಒಂದಲ್ಲ ಒಂದು ಸಲ ಮೇಸ್ತ್ರಿಯ ಕೈಗೆ ಬಂದು ಹೋದವೇ. ಮೋಟರ್ ಸುಟ್ಟಿತೆಂದರೆ ಜನ ಗಾಡಿ ತಂದು ಮೇಸ್ತ್ರಿಯನ್ನು ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದರು. ಅವನು ಸ್ಪ್ಯಾನರುಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ದೊಡ್ಡ ಮನುಷ್ಯನ ಹಾಗೆ ಕೂರುತ್ತಿದ್ದ. ಕೆಲಸ ಮುಗಿದ ಮೇಲೆ ಅವರೇ ತಂದು ಬಿಡುತ್ತಿದ್ದರು. ಅವನಿಗೆ ಗಾಡಿ ಓಡಿಸಲು ಬರುವುದಿಲ್ಲ, ಸೈಕಲ್ಲೂ ಬರುವುದಿಲ್ಲ ಎಂಬುದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಚಿಕ್ಕಂದಿನಲ್ಲಿ ಅಣ್ಣ ಸೈಕಲ್ ತುಳಿಯುತ್ತಿದ್ದ, ಇವನು ಕ್ಯಾರಿಯರ್ ಮೇಲೆ ಕೂರುತ್ತಿದ್ದ. ಕಲಿಯುವ ವಯಸ್ಸು ಹಾಗೇ ದಾಟಿತು. ಆಮೇಲೆ ಕಲಿಯುವುದಕ್ಕೆ ನಾಚಿಕೆ. ಮದುವೆಗೆ ಮುಂಚೆ ಹೆಣ್ಣಿನ ಮನೆಗೆ ಹೋದದ್ದೂ ಗೆಳೆಯನ ಮೋಟಾರ್ ಸೈಕಲ್ಲಿನಲ್ಲಿ. ಕೈಕಾಲು ತೊಳೆಯಲು ಹೋಗುವಾಗ ಗೆಳೆಯ ಕೀಲಿಕೈಯನ್ನು ಇವನ ಕೈಗೆ ಕೊಟ್ಟಿದ್ದ. ಮಾವ "ಗಾಡಿ ನಿಮ್ದೇನಾ?" ಎಂದು ಕೇಳಿದರು. ಇವನು ಸುಮ್ಮನೆ ನಕ್ಕ. ಆ ನಗು ಹೌದೆಂದೇ ಜಮಾ ಆಯಿತು. ಗಾಡಿ ಗೆಳೆಯನದೆಂದು ಆಮೇಲೆ ತಿಳಿದರೂ ಅಳಿಯನಿಗೆ ಓಡಿಸಲು ಬರುತ್ತದೆ ಎಂಬುದು ಹಾಗೇ ಉಳಿಯಿತು.

ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಷಡ್ಡಕ, ಎಂದರೆ ಹೆಂಡತಿಯ ತಂಗಿಯ ಗಂಡ, ತನ್ನ ಹುಲ್ಲಿನ ಕೊಟ್ಟಿಗೆಯಲ್ಲಿ ಬಿದ್ದಿದ್ದ ಹಳೆಯ ಮೋಟಾರ್ ಸೈಕಲ್ಲನ್ನು ಟ್ರ್ಯಾಕ್ಟರಿಗೆ ಹಾಕಿ ಕಳಿಸಿದ. "ನನ್ನ ಹತ್ರ ಇದ್ರೆ ಕೋಳಿ ಮೊಟ್ಟೆ ಇಡುತ್ತೆ ಅಷ್ಟೇ. ನಿಮ್ಮ ಕೈಯಲ್ಲಾದ್ರೂ ಜೀವ ಬರಲಿ" ಎಂದು ಹೇಳಿ ಕಳಿಸಿದ್ದ.

ಗಾಡಿ ಎನ್ನುವುದಕ್ಕಿಂತ ಗಾಡಿಯ ಮೂಳೆಗೂಡು ಅದು. ಪಿಸ್ಟನ್ ಕಚ್ಚಿಕೊಂಡಿತ್ತು, ಟ್ಯಾಂಕಿನೊಳಗೆ ತುಕ್ಕಿನ ಪುಡಿ, ಹೆಡ್‌ಲೈಟಿನೊಳಗೆ ಕಣಜದ ಗೂಡು. ಮೇಸ್ತ್ರಿಗೆ ಹಬ್ಬವೇ ಆಯಿತು. ಪಿಸ್ಟನ್ನಿಗೆ ಡೀಸೆಲ್ ಸುರಿದು ನೆನೆಯಲು ಬಿಟ್ಟ. ಹೆಂಡತಿ ಪಕ್ಕದಲ್ಲಿ ಕೂತು ಚೈನನ್ನು ಸೀಮೆಎಣ್ಣೆಯಲ್ಲಿ ಉಜ್ಜಿದಳು, ಮಡ್‌ಗಾರ್ಡಿಗೆ ಮರಳು ಕಾಗದ ಹಿಡಿದಳು. ಕೊನೆಗೆ ಕಪ್ಪು ರೆಕ್ಸಿನ್ ತರಿಸಿಕೊಂಡು, ಇಬ್ಬರು ಹಾಯಾಗಿ ಕೂರುವಂಥ ಉದ್ದನೆಯ ಸೀಟು ಹೊಲಿದಳು.

"ನಿಮ್ಮ ಎಂಜಿನ್‌ಗಿಂತ ನನ್ನ ಸೀಟೇ ಮೊದಲು ಮುಗೀತು ನೋಡಿ" ಎಂದಳು.

ನಿಜ ಹೇಳಬೇಕೆಂದರೆ ಎಂಜಿನ್ ಯಾವತ್ತೋ ಮುಗಿದಿತ್ತು. ಒದ್ದರೆ ಒಂದೇ ಏಟಿಗೆ ಗುಡುಗುತ್ತಿತ್ತು. ಆದರೆ ಗಾಡಿ ಮುಗಿದರೆ ಓಡಿಸಬೇಕಲ್ಲ. ಹಾಗಾಗಿ ಮೇಸ್ತ್ರಿ ಒಂದು ವಾರ ಕ್ಲಚ್ ಜಾರುತ್ತಿದೆ ಎಂದ, ಇನ್ನೊಂದು ವಾರ ಬ್ರೇಕ್ ಹಿಡಿಯುತ್ತಿಲ್ಲ ಎಂದ. ಸರಿಯಿದ್ದದ್ದನ್ನು ಬಿಚ್ಚಿ, ಒರೆಸಿ, ಮತ್ತೆ ಕೂಡಿಸಿದ.

ಅವಳಿಗೂ ತಾಳ್ಮೆಗೆ ಒಂದು ಮಿತಿ ಇತ್ತು. ಒಂದು ದಿನ ಅವನು ಕೆಲಸ ಮುಗಿಸಿ ಬಂದಾಗ ಗಾಡಿ ಬೀದಿಯಲ್ಲಿ ಫಳಫಳ ಹೊಳೆಯುತ್ತ ನಿಂತಿತ್ತು. ಅವಳು ಒಳ್ಳೆಯ ಬಟ್ಟೆ ಹಾಕಿ ತಲೆ ಬಾಚಿಕೊಂಡಿದ್ದಳು. ಎದುರಿನ ಚಹಾ ಅಂಗಡಿಯವನೂ ಗಿರಾಕಿಗಳೂ ಹೊರಗೆ ಬಂದಿದ್ದರು.

"ತಂಗಿಗೆ ಹೇಳಿ ಕಳಿಸಿದೀನಿ ಕಣ್ರೀ, ಗಾಡೀಲಿ ಬರ್ತೀವಿ ಅಂತ" ಎಂದಳು.

"ಹತ್ತಿ ಮೇಸ್ತ್ರಿ, ಅಕ್ಕನ್ನ ಕೂರಿಸ್ಕೊಂಡು ಹೊರಡಿ" ಎಂದ ಚಹಾ ಅಂಗಡಿಯವನು.

ಓಡಿಸಲು ಬರುವುದಿಲ್ಲ ಎಂಬ ಒಂದು ಮಾತು ಮೇಸ್ತ್ರಿಯ ನಾಲಿಗೆಯ ತುದಿಯವರೆಗೆ ಬಂತು. ಹೊರಬಿದ್ದದ್ದು ಬೇರೆಯೇ.

"ಇವಳ್ನ ಕೂರಿಸಿದ್ರೆ ಹಿಂದಿನ ಚಕ್ರ ನೆಲದಲ್ಲಿ ಹೂತು ಹೋಗುತ್ತೆ. ನಾನು ರಿಪೇರಿ ಮಾಡಿರೋದು ಮೋಟಾರ್ ಸೈಕಲ್ಲು, ಲಾರಿ ಅಲ್ಲ."

ಬೀದಿಯೆಲ್ಲ ನಕ್ಕಿತು. ಅವಳೂ ನಗಲು ನೋಡಿದಳು, ತುಟಿ ಅರ್ಧಕ್ಕೇ ನಿಂತಿತು. ಒಳಗೆ ಹೋಗಿ ಹಳೆಯ ಬಟ್ಟೆ ಹಾಕಿಕೊಂಡು ಪಾತ್ರೆ ತೊಳೆಯಲು ಕೂತಳು. ಮೇಸ್ತ್ರಿ ಗಾಡಿಯನ್ನು ತಳ್ಳಿಕೊಂಡು ಒಳಗೆ ತಂದ. ಬಚಾವಾದೆ ಎಂಬ ನಿರಾಳ ಬಾಗಿಲು ದಾಟುವಷ್ಟರಲ್ಲಿ ಇಳಿದು ಹೋಯಿತು.

ಅವಳು ಜಗಳವಾಡಲಿಲ್ಲ. ಹೊತ್ತಿಗೆ ಸರಿಯಾಗಿ ಬಡಿಸುತ್ತಿದ್ದಳು. ತಾನು ಮಾತ್ರ ತಟ್ಟೆಗೆ ಒಂದು ತುತ್ತು ಕಡಿಮೆ ಹಾಕಿಕೊಳ್ಳುತ್ತಿದ್ದಳು. ಅದನ್ನು ನೋಡಿದರೆ ಅವನ ಕೈಯ ತುತ್ತು ಬಾಯಿಗೆ ಹೋಗುತ್ತಿರಲಿಲ್ಲ.

ಕೆಲವು ದಿನಗಳ ಮೇಲೆ ಒಂದು ತೋಟದ ಬಾವಿಯ ಹತ್ತಿರ ಪಂಪ್ ಬಿಚ್ಚುತ್ತಿದ್ದಾಗ ತೋಟದವನು ಸಹಜವಾಗಿ, "ಲಾರಿ ಅಕ್ಕ ಚೆನ್ನಾಗಿದಾರಾ?" ಎಂದು ಕೇಳಿದ. ಕೆಣಕುವುದಕ್ಕಲ್ಲ, ಊರಲ್ಲಿ ಆಗಲೇ ಅದು ಅವಳ ಹೆಸರಾಗಿತ್ತು. ಮೇಸ್ತ್ರಿಯ ಕಿವಿ ಕಾದು ಕೆಂಡವಾದವು. ಆ ದಿನ ಯಾರ ಗಾಡಿಯೂ ಬೇಡವೆಂದು ನಡೆದೇ ಮನೆಗೆ ಬಂದ.

ಅವಳು ಒಲೆಯ ಮುಂದೆ ಇದ್ದಳು. ಅವನು ಬಾಗಿಲಲ್ಲೇ ನಿಂತು ಹೇಳಿದ. "ನಂಗೆ ಗಾಡಿ ಓಡಿಸಕ್ಕೆ ಬರಲ್ಲ. ಯಾವತ್ತೂ ಬರ್ತಿರ್ಲಿಲ್ಲ. ಅವತ್ತು ಅದನ್ನ ಮುಚ್ಚಿಡೋದಕ್ಕೆ ಹಾಗಂದೆ."

ಅವಳು ಸೌದೆಯನ್ನು ಒಲೆಯೊಳಕ್ಕೆ ತಳ್ಳಿದಳು. "ಬರಲ್ಲ ಅಂದಿದ್ರೆ ನಾನೇನು ಬಿಟ್ಟು ಹೋಗ್ತಿದ್ನಾ?" ಎಂದಳು. ಆಮೇಲೆ, "ಬೀದೀಲಿ ಆಡಿದ ಮಾತನ್ನ ಒಲೆ ಮುಂದೆ ತಿದ್ದಕ್ಕಾಗಲ್ಲ ಕಣ್ರೀ" ಎಂದಳು.

ಮರುದಿನ ಅವನು ಚಹಾ ಅಂಗಡಿಗೆ ಹೋದ. ಲೋಟ ಕೈಗೆ ತೆಗೆದುಕೊಳ್ಳದೆ ನಿಂತೇ ಹೇಳಿದ. "ನಂಗೆ ಸೈಕಲ್ ತುಳಿಯಕ್ಕೂ ಬರಲ್ಲ. ಅವತ್ತು ಅವಳ ಮೇಲೆ ಹಾಕಿದ್ದು ನನ್ನ ಮಾನ ಉಳಿಸಿಕೊಳ್ಳಕ್ಕೆ. ಅವಳ್ನ ಇನ್ನು ಆ ಹೆಸರಲ್ಲಿ ಕರೀಬೇಡಿ."

ಎದ್ದ ನಗೆಗೆ ಬೆಂಚು ಅಲ್ಲಾಡಿತು. "ಅಂದ್ರೆ ಇಷ್ಟು ವರ್ಷ ಹಿಂದಿನ ಸೀಟಲ್ಲೇ ಮೇಸ್ತ್ರಿ ಆದ್ರಾ?" ಎಂದ ಒಬ್ಬ. ಅಂದಿನಿಂದ ಅವನು ಹಿಂದಿನ ಸೀಟಿನ ಮೇಸ್ತ್ರಿ. ನೆಲ ಬಾಯಿ ಬಿಟ್ಟರೆ ಸಾಕು ಎನಿಸಿತು, ಆದರೂ ನಗು ಮುಗಿಯುವವರೆಗೆ ಅಲ್ಲೇ ನಿಂತ. ಲಾರಿ ಅಕ್ಕ ಎನ್ನುವುದು ಪೂರ್ತಿ ನಿಲ್ಲಲಿಲ್ಲ, ಕಡಿಮೆಯಾಯಿತು. ಬಾಯಿಗೆ ಬೀಗ ಹಾಕುವವರು ಯಾರು?

ಅವನಿಗೆ ಗಾಡಿ ಓಡಿಸಲು ಕಲಿಸಿದವನು ಚಹಾ ಅಂಗಡಿಯವನೇ. ಕೊಯ್ಲಾದ ಗದ್ದೆಯಲ್ಲಿ ಬೆಳಿಗ್ಗೆ ಗಾಡಿಯ ಹಿಂದೆ ಓಡುತ್ತ, "ಚಕ್ರ ನೋಡಬೇಡಿ, ಮುಂದೆ ನೋಡಿ" ಎಂದು ಕೂಗುತ್ತಿದ್ದ. ಮೊಣಕೈ ತರಚಿಕೊಂಡು ಬಂದರೆ ಹೆಂಡತಿ ಅರಿಶಿನ ತಂದು ಪಕ್ಕದಲ್ಲಿಡುತ್ತಿದ್ದಳು, ಹಚ್ಚುತ್ತಿರಲಿಲ್ಲ.

ಅಂತೂ ಅವನಿಗೆ ಗಾಡಿ ಓಡಿಸಲು ಬಂತು. ತಂಗಿಯ ಮನೆಗೆ ಹೊರಡುವ ದಿನ ಗಾಡಿ ಹೊರಗೆ ತಂದು ನಿಲ್ಲಿಸಿ, "ಹತ್ತು" ಎಂದ.

"ನಾನು ಬಸ್ಸಲ್ಲಿ ಬರ್ತೀನಿ. ಚೀಲ ಬೇಕಾದ್ರೆ ತೊಗೊಂಡು ಬನ್ನಿ" ಎಂದಳು.

ಅವಳು ಹೊಲಿದ ಸೀಟಿಗೆ ಅವಳ ಚೀಲವನ್ನು ಹಗ್ಗದಲ್ಲಿ ಬಿಗಿದು ಅವನು ಬಸ್ಸಿನ ಹಿಂದೆ ಹೊರಟ. ಬಸ್ಸು ನಿಂತಲ್ಲೆಲ್ಲ ತಾನೂ ನಿಂತ, ದಾಟಿ ಹೋಗುವ ಧೈರ್ಯ ಇನ್ನೂ ಕೈಗೆ ಬಂದಿರಲಿಲ್ಲ. ಹಿಂದಿನ ಕಿಟಕಿಯಲ್ಲಿ ಅವಳ ತಲೆ ಕಾಣುತ್ತಿತ್ತು, ತಿರುಗಲಿಲ್ಲ.

ಷಡ್ಡಕ ಗಾಡಿಯನ್ನು ಸುತ್ತಿ ಸುತ್ತಿ ನೋಡಿದ. "ಇಷ್ಟು ಚೆನ್ನಾಗಿರೋ ಗಾಡಿ ಇದ್ದೂ ಅತ್ತಿಗೆ ಯಾಕೆ ಬಸ್ಸಲ್ಲಿ ಬಂದ್ರು?"

ರಸ್ತೆ ಸರಿಯಿಲ್ಲ ಎನ್ನಬಹುದಿತ್ತು. "ನಾನು ಆಡಬಾರದ ಮಾತು ಆಡಿದ್ದೆ" ಎಂದ ಮೇಸ್ತ್ರಿ, ಹಗ್ಗದ ಗಂಟು ಬಿಚ್ಚುತ್ತ.

ಜಗಲಿಯಲ್ಲಿದ್ದ ಅವಳಿಗೆ ಅದು ಕೇಳಿಸಿತು. ಇಳಿದು ಬಂದು ಚೀಲ ತೆಗೆದುಕೊಂಡಳು. "ಬಿಸಿಲಲ್ಲಿ ಯಾಕೆ ನಿಂತಿದೀರಿ, ಒಳಗೆ ಬನ್ನಿ" ಎಂದಳು.