ಕೊಲೆ ಸೀರಿಯಲ್ಲೂ ಬಂಗುಡೆ ಪುಳಿಮುಂಚಿಯೂ

ಪಕ್ಕದ ಮನೆಯ ಮಗು ಸತ್ತದ್ದು ಮೀನಿನಿಂದ ಅಲ್ಲ. ತಿಗಣೆ ಸಾಯಲಿ ಎಂದು ನನ್ನ ಮಗ ನಮ್ಮ ಮನೆಯಲ್ಲಿ ಇಟ್ಟ ಮಾತ್ರೆಯ ಗಾಳಿಯಿಂದ. ಅದು ಶನಿವಾರ ಸಂಜೆಯೇ ನನ್ನ ಮೂಗಿಗೆ ಗೊತ್ತಾಗಿತ್ತು. ಮಂಗಳವಾರ ಬೆಳಗ್ಗಿನವರೆಗೆ ನಾನು ಬಾಯಿ ಬಿಡಲಿಲ್ಲ. ನಡೆದದ್ದು ಇಷ್ಟೇ. ಆದರೂ "ದುಬೈಯಲ್ಲಿ ಹಳಸಿದ ಮೀನು ತಿನ್ನಿಸಿ ತಾಯಿಯೇ ಮಗುವನ್ನು ಕೊಂದಳಂತೆ" ಎನ್ನುವವರು ಈಗಲೂ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ಮೂರನೇ ಕ್ಲಾಸು. ಅಕ್ಷರ ತಪ್ಪಿದ್ದರೆ ತಿದ್ದಿಕೊಳ್ಳಿ, ವಿಷಯವನ್ನು ತಿದ್ದಬೇಡಿ.

ನಾನು ವಿಸಿಟ್ ವೀಸಾದಲ್ಲಿ ಮಗನ ಮನೆಗೆ ಹೋಗಿದ್ದೆ. ಡಿಸ್ಕವರಿ ಗಾರ್ಡನ್ಸ್‌ನಲ್ಲಿ ಮನೆ. ಹೆಸರಿಗೆ ತೋಟ. ಬುಡಕ್ಕೆ ಕಪ್ಪು ಪೈಪು ಎಳೆದು ನೀರು ಕುಡಿಸದಿದ್ದರೆ ವಾರದಲ್ಲಿ ಒಣಗುವ ಮರಗಳು. ಬಿಲ್ಡಿಂಗುಗಳೆಲ್ಲ ಒಂದೇ ಅಚ್ಚು. ಎರಡು ಸಲ ನಾನು ಬೇರೆಯವರ ಬಾಗಿಲು ಬಡಿದದ್ದುಂಟು. ಮಗ ಜೆಬೆಲ್ ಅಲಿಯ ಒಂದು ಧಾನ್ಯದ ಗೋಡೌನಿನಲ್ಲಿ ಸ್ಟೋರ್‌ಕೀಪರ್. ಬೆಳಗ್ಗೆ ಆರೂವರೆಗೆ ಕಂಪನಿ ಬಸ್ಸು. ಸೊಸೆಗೂ ಆಫೀಸು. ಹತ್ತು ವರ್ಷದ ಮೊಮ್ಮಗಳು ಶಾಲೆಯಿಂದ ಬಂದ ಮೇಲೆ ನಾನು, ಅವಳು, ಟಿವಿ.

ಜನ ಕೆಲಸ ಕಳೆದುಕೊಂಡು, ಸಾಲ ಕಟ್ಟಲಾರದೆ, ಕಾರನ್ನು ಏರ್‌ಪೋರ್ಟಿನಲ್ಲೇ ಬಿಟ್ಟು ಓಡುತ್ತಿದ್ದ ವರ್ಷ ಅದು. ಹಾಗೆ ಓಡಿದ ಯಾರೋ ಕೆಳಗೆ ಕಸದ ಡ್ರಮ್ಮಿನ ಪಕ್ಕ ಒಂದು ಸೋಫಾ ಬಿಟ್ಟಿದ್ದರು. ನೋಡಲು ಹೊಸತು. ಮಗ ಅದನ್ನು ಮೇಲೆ ತಂದ. ಅವನು ಕೆಟ್ಟವನಲ್ಲ, ಉಳಿಸುವವನು. ಎಲ್ಲ ಶುರುವಾದದ್ದು ಆ ಸೋಫಾದಿಂದ.

ಅದರಲ್ಲಿ ಕೂತು ನಾವು ನೋಡುತ್ತಿದ್ದದ್ದು ಇಂಗ್ಲಿಷರ ಹಳ್ಳಿಯ ಕೊಲೆ ಸೀರಿಯಲ್ಲು. ಹಳೆಯ ಪುಸ್ತಕಗಳನ್ನೇ ಸೀರಿಯಲ್ ಮಾಡಿದ್ದು ಎಂದು ಸೊಸೆ ಹೇಳಿದ್ದಳು. ಮಾತು ಇಂಗ್ಲಿಷಿನಲ್ಲಿ, ಕೆಳಗೆ ಓಡುವ ಅಕ್ಷರ ಅರೇಬಿಕ್. ನನಗೆ ಎರಡೂ ಬಾರದು. ಮೊಮ್ಮಗಳು ಹೇಳಿದಷ್ಟೇ ಕತೆ. ಒಂದು ಹಳ್ಳಿ, ಒಂದು ಇಗರ್ಜಿ, ಬೇಲಿಯ ಮೇಲೆ ಗುಲಾಬಿ, ಗಳಿಗೆಗೊಮ್ಮೆ ಚಾ. ಚಾ ಕುಡಿದವರಲ್ಲಿ ಒಬ್ಬರು ಸಾಯುತ್ತಾರೆ. ಸತ್ತವರಿಗಾಗಿ ಅಲ್ಲಿ ಯಾರೂ ಬಾಯಿಬಿಟ್ಟು ಅಳುವುದಿಲ್ಲ, ಇನ್ನೊಂದು ಸಲ ಚಾ ಮಾಡುತ್ತಾರೆ.

ಮೊದಲ ದಿನ ಮೊಮ್ಮಗಳು ಕೂಗಿದಳು, "ಅಜ್ಜಿ, ಪಾಯಿಸನ್!"

"ಪಾಯಸವಾ? ಹೆಣ ಇನ್ನೂ ಎತ್ತಲಿಲ್ಲ, ಪಾಯಸ ಎಂತದಕ್ಕೆ?"

"ನೋ ಅಜ್ಜಿ! ವಿಷ, ವಿಷ. ಇನ್ ದ ಟೀ."

ಅರ್ಧ ಕತೆ ಆಗುವಾಗಲೇ ಕೊಂದವರು ಯಾರೆಂದು ನಾನು ಹೇಳುತ್ತಿದ್ದೆ. ಹೆಚ್ಚಾಗಿ ಸರಿಯಾಗುತ್ತಿತ್ತು. ಭಾಷೆ ಬಾರದವರಿಗೆ ಅದು ಸುಲಭ. ಮಾತು ತಿಳಿಯುವವರು ಮಾತು ಕೇಳುತ್ತಾ ಕೂರುತ್ತಾರೆ, ನಾವು ಮುಖ ನೋಡುತ್ತೇವೆ. ಕಡೆಗೆ ಪತ್ತೇದಾರ ಎಲ್ಲರನ್ನೂ ದೊಡ್ಡ ಕೋಣೆಯಲ್ಲಿ ಕೂರಿಸಿ ವಿವರ ಹೇಳುತ್ತಾನೆ. ಕೊಂದವನು ಬಾಗಿಲಿಗೆ ಓಡಿದರೆ ಅಲ್ಲಿ ಪೊಲೀಸ್. ಅಲ್ಲಿಗೆ ಸಂಗೀತ.

"ಮುಂಚೆ ಊರೆಲ್ಲ ಸೇರಿ ಒಬ್ಬಳ ಮೇಲೆ ಹೊರಿಸಿದ್ರಲ್ಲ, ಅವಳ ಹತ್ರ ಹೋಗಿ ಯಾರಾದ್ರೂ ತಪ್ಪಾಯ್ತು ಅಂದ್ರಾ?" ಎಂದು ಕೇಳಿದೆ ಒಂದು ದಿನ.

"ಇಟ್ಸ್ ಓವರ್, ಅಜ್ಜಿ. ಖಲಾಸ್."

"ಮರುದಿನ ಎಂತ ಆಯ್ತು?"

"ಮರುದಿನ ಎಲ್ಲ ತೋರಿಸುದಿಲ್ಲ."

ಪಕ್ಕದ ಮನೆಯವಳೂ ಮಗಳನ್ನು ಸೊಂಟದಲ್ಲಿ ಕೂರಿಸಿಕೊಂಡು ಸೀರಿಯಲ್ ನೋಡಲು ಬರುತ್ತಿದ್ದಳು. ಮಂಡ್ಯ ಕಡೆಯವಳು. ಮಗುವಿಗೆ ಮೂರು ವರ್ಷ. ನಾನು ಮುಳ್ಳು ಬಿಡಿಸಿ ಮೀನು ಕೊಡುತ್ತಿದ್ದುದರಿಂದ ಅದು ನನ್ನನ್ನು "ಮೀನಜ್ಜಿ" ಎನ್ನುತ್ತಿತ್ತು.

ಎರಡು ವಾರದಲ್ಲಿ ನನ್ನ ತೊಡೆ, ಕುತ್ತಿಗೆ ಎಲ್ಲ ಕೆಂಪು ಗುಳ್ಳೆ. ಸೋಫಾದ ಹೊಲಿಗೆ ಬಿಡಿಸಿ ನೋಡಿದರೆ ಒಳಗೆ ತಿಗಣೆಯ ರಾಶಿ. ಬಿಸಾಡು ಎಂದೆ. ಅಷ್ಟು ಹೊತ್ತಿಗೆ ಹಾಸಿಗೆಗಳಿಗೂ ಹತ್ತಿದೆ ಎಂದ ಮಗ.

"ಗೋಡೌನಿನಲ್ಲಿ ಹುಳಕ್ಕೆ ಇಡುವ ಮದ್ದು ಉಂಟು. ಎರಡು ದಿವಸ ಮನೆ ಮುಚ್ಚಿದ್ರೆ ಒಂದೂ ಉಳಿಯುದಿಲ್ಲ."

"ಎಂತ ಮದ್ದು ಮಾರಾಯ?"

"ನಿನಗೆಂತಕ್ಕಮ್ಮ ಅದೆಲ್ಲ? ನೀನು ಬಟ್ಟೆ ತುಂಬಿಸು."

ನಾನು ಮತ್ತೆ ಕೇಳಲಿಲ್ಲ. ಬಟ್ಟೆ ತುಂಬಿಸಿದೆ.

ಶುಕ್ರವಾರ ಮಧ್ಯಾಹ್ನ ಊಟ ಮುಗಿಸಿ ಅಬುಧಾಬಿಯಲ್ಲಿರುವ ಮಗಳ ಮನೆಗೆ ಹೊರಟೆವು. ಫ್ರಿಜ್ಜು ಖಾಲಿ ಮಾಡಬೇಕಿತ್ತು. ಬೆಳಗ್ಗೆ ಮಾಡಿದ ಬಂಗುಡೆ ಪುಳಿಮುಂಚಿ, ಅಂದರೆ ಹುಳಿ ಖಾರದ ಮೀನಿನ ಸಾರು, ಉಳಿದಿತ್ತು. ಅದನ್ನು ನನ್ನ ಸ್ಟೀಲ್ ಪಾತ್ರೆಗೆ ಹಾಕಿ ಪಕ್ಕದ ಮನೆಗೆ ಕೊಟ್ಟೆ. ಮದುವೆಗೆ ತವರಿನವರು ಕೊಟ್ಟ ಪಾತ್ರೆ ಅದು. ನಾಲ್ಕು ಮನೆಯ ಪಾತ್ರೆಗಳಲ್ಲಿ ಬೆರೆತು ಹೋಗದಿರಲಿ ಎಂದು ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ನನ್ನ ಹೆಸರು ಕೊರೆಸಿದ್ದರು. ಎಲ್ಲಿಗೆ ಹೋದರೂ ಅದು ನನ್ನ ಜೊತೆ ಬರುತ್ತದೆ.

"ನಾಳೆ ತಿನ್ನು. ಎರಡನೇ ದಿವಸಕ್ಕೆ ರುಚಿ ಹೆಚ್ಚು" ಎಂದೆ.

"ಅವರು ಶನಿವಾರ ಮೀನು ಮುಟ್ಟಲ್ಲಮ್ಮ. ನಾನೂ ಪಾಪೂನೂ ಮುಗಿಸ್ತೀವಿ ಬಿಡಿ" ಎಂದು ನಕ್ಕಳು.

ನಾವೆಲ್ಲ ಇಳಿದು ಕಾರಿನಲ್ಲಿ ಕೂತ ಮೇಲೆ ಮಗ ಮಾತ್ರ ಮೇಲೆ ಹೋಗಿ ಮದ್ದು ಇಟ್ಟು ಬಂದ. ಅಬುಧಾಬಿಯಲ್ಲಿ ಆ ಸಂಜೆಯೂ ಸೀರಿಯಲ್ ನೋಡಿದೆವು. ಕೊಂದವಳು ಸತ್ತವನ ಅಕ್ಕ.

ಶನಿವಾರ ಸಂಜೆ ವಾಪಸ್ ಬಂದಾಗ ಪಕ್ಕದ ಮನೆಯ ಬಾಗಿಲ ಹೊರಗೆ ಚಪ್ಪಲಿಯ ರಾಶಿ. ಮದುವೆಗೂ ಸಾವಿಗೂ ಮಾತ್ರ ಅಷ್ಟು ಚಪ್ಪಲಿ ಸೇರುತ್ತದೆ. ಮಧ್ಯಾಹ್ನ ಮೀನಿನ ಊಟವಾದ ಮೇಲೆ ಮಗುವಿಗೆ ವಾಂತಿಯಂತೆ, ತಾಯಿಗೂ ವಾಂತಿ. ಆಸ್ಪತ್ರೆಗೆ ಒಯ್ದರೂ ಮಗು ಉಳಿಯಲಿಲ್ಲ. ವೈದ್ಯರು ವರದಿ ಬರಲಿ ಎಂದಿದ್ದರು. ವರದಿ ಬರುವ ಮೊದಲೇ ಮೆಟ್ಟಿಲಲ್ಲಿ ನಿಂತವರು ತೀರ್ಪು ಕೊಟ್ಟಾಗಿತ್ತು: ಮೀನು.

ಮಗ ಮೊದಲು ನಮ್ಮ ಮನೆಯೊಳಗೆ ಹೋಗಿ ಕಿಟಕಿಗಳನ್ನೆಲ್ಲ ತೆರೆದ. ಬಹಳ ಹೊತ್ತು ಬಿಟ್ಟು ನಾನು ಒಳಗೆ ಕಾಲಿಟ್ಟರೆ ಆ ವಾಸನೆ ಇನ್ನೂ ಇತ್ತು. ಬೆಳ್ಳುಳ್ಳಿಯನ್ನೂ ಕೊಳೆತ ಮೀನನ್ನೂ ಸೇರಿಸಿ ಅರೆದ ಹಾಗೆ. ಹದಿನೆಂಟು ವರ್ಷ ನಾನು ಅಕ್ಕಿ ಮಿಲ್ಲಿನಲ್ಲಿ ಕೇರುವ ಕೆಲಸ ಮಾಡಿದವಳು. ವರ್ಷಕ್ಕೊಮ್ಮೆ ಮೂಟೆಗಳ ನಡುವೆ ಮಾತ್ರೆ ಇಟ್ಟು, ಟಾರ್ಪಾಲು ಹೊದೆಸಿ, ನಮ್ಮನ್ನೆಲ್ಲ ಹೊರಗೆ ಅಟ್ಟಿ ಬೀಗ ಹಾಕುತ್ತಿದ್ದರು. ಬೀಗ ತೆಗೆದ ದಿನ ಇದೇ ವಾಸನೆ. ಒಂದು ಸಲ ಒಳಗೆ ಸಿಕ್ಕಿಬಿದ್ದ ಬೆಕ್ಕು ಮರಿಗಳ ಸಮೇತ ಸತ್ತು ಬಿದ್ದಿತ್ತು. ನನ್ನ ಕೋಣೆಗೂ ಪಕ್ಕದ ಮನೆಯ ಮಗು ಮಲಗುವ ಕೋಣೆಗೂ ನಡುವೆ ಒಂದೇ ಗೋಡೆ, ಗೋಡೆಯಲ್ಲಿ ಪೈಪು ಹಾದ ತೂತು. ಬಾಲ್ಕನಿಯಲ್ಲಿ ಮಗ ಮದ್ದಿನ ಖಾಲಿ ಡಬ್ಬಿಯನ್ನು ಚಪ್ಪಲಿಯ ಪೆಟ್ಟಿಗೆಯೊಳಗೆ ಇಡುವುದನ್ನು ನೋಡಿದೆ. ನೋಡಿದವಳು ಒಳಗೆ ಹೋಗಿ ಅನ್ನಕ್ಕೆ ಇಟ್ಟೆ. ಬೇರೆ ಏನೋ ಇರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು ಎಂದು ಆಗಲೇ ಗೊತ್ತಿತ್ತು.

ಭಾನುವಾರ ಆ ಮನೆಗೆ ಹೋಗಿ ಕೂತೆ. ಶಾರ್ಜಾದಿಂದ ಗಂಡನ ಅಕ್ಕ ಬಂದಿದ್ದಳು. ಬಂದವರಿಗೆಲ್ಲ ಅವಳದ್ದೇ ವಿವರಣೆ.

"ಈಗ್ಲೂ ಮನೆಯೆಲ್ಲಾ ಕೊಳೆತ ಮೀನಿನ ವಾಸ್ನೆ, ನೀವೇ ನೋಡಿ. ಮಗು ಬಾಯಿಗೆ ಇಡೋವಾಗ ಇವಳ ಮೂಗು ಏನ್ ಮಾಡ್ತಿತ್ತು? ಕೆರೆ ಮೀನು ತಿಂದು ಬೆಳೆದೋಳಿಗೆ ಸಮುದ್ರದ ಮೀನು ಮಾಡೋಕೆ ಬರುತ್ತಾ?"

ಪುಳಿಮುಂಚಿಗೆ ನಾನು ಹಾಕುವ ಹುಳಿಗೆ ಅದು ಮೂರು ದಿನ ಹೊರಗಿಟ್ಟರೂ ಕೆಡುವುದಿಲ್ಲ. ಹೇಳಲು ಬಾಯಿ ತೆರೆದೆ. ಗೋಡೆಗೆ ಒರಗಿದ್ದ ತಾಯಿ ನನ್ನನ್ನೇ ನೋಡುತ್ತಿದ್ದಳು. ಬೇಡ ಎಂದು ಕಣ್ಣಲ್ಲೇ ಹೇಳಿದಳು. ಬಾಯಿ ಮುಚ್ಚಿದೆ.

ಯಾಕೆಂದು ತಿಳಿದದ್ದು ಸೋಮವಾರ. ಮನೆಯಲ್ಲಿ ನಾನೊಬ್ಬಳೇ ಇದ್ದಾಗ ಅವಳು ಬಂದಳು. ವೇಲಿನ ಒಳಗಿನಿಂದ ನನ್ನ ಪಾತ್ರೆ ತೆಗೆದಳು. ತೊಳೆದು ಒರೆಸಿದ್ದಳು.

"ಅಮ್ಮ, ಇದನ್ನ ಒಳಗಡೆ ಇಟ್ಕೊಳಿ. ನಿಮ್ಮ ಹೆಸರಿದೆ ನೋಡಿ ಇದ್ರಲ್ಲಿ. ಅವತ್ತೇ ಬಚ್ಚಿಟ್ಬಿಟ್ಟೆ. ಮೀನು ನಾನೇ ಮಾಡಿದ್ದು ಅಂತ ಹೇಳಿದೀನಿ."

"ಎಂತಕ್ಕೆ ಹಾಗೆ ಹೇಳಿದ್ದು ನೀನು?"

"ನೀವು ವಿಸಿಟ್ ವೀಸಾದವರು. ಪೊಲೀಸು ಗಿಲೀಸು ಅಂದ್ರೆ ಈ ವಯಸ್ಸಲ್ಲಿ ಎಲ್ಲಿಗೆ ಹೋಗ್ತೀರಾ? ನಂದು ಹೆಂಗಿದ್ರೂ ಮುಗೀತು. ನಾಳೆ ಸಾಯಂಕಾಲ ಪಾಪೂ ಜೊತೆ ಊರಿಗೆ ಕಳಿಸ್ತಾರೆ. ವೀಸಾ ಕ್ಯಾನ್ಸಲ್ ಮಾಡಿಸ್ತಾರಂತೆ. ಇನ್ನು ಕರೆಸ್ಕೊಳಲ್ಲ ಅಂದ್ರು."

ನನ್ನ ಮೀನೇ ಮಗುವನ್ನು ಕೊಂದಿತು ಎಂದು ನಂಬಿಯೂ ಅವಳು ನನ್ನನ್ನು ಮುಚ್ಚಿಟ್ಟಿದ್ದಳು. ನಾನು ಗೊತ್ತಿದ್ದೂ ಮಗನನ್ನು ಮುಚ್ಚಿಟ್ಟಿದ್ದೆ. ಖಾಲಿ ಪಾತ್ರೆ ಹಿಂದೆ ಕೊಡಬಾರದು ಎಂದು ಅದರೊಳಗೆ ಒಂದು ಹಿಡಿ ಸಕ್ಕರೆ ಬೇರೆ ಹಾಕಿದ್ದಳು. ಎರಡು ದಿನದ ಹಿಂದೆ ಮಗು ಹೋದವಳು.

ಅವಳ ಹಿಂದೆಯೇ ನಾನೂ ಆ ಮನೆಗೆ ಹೋದೆ. ಗಂಡ ಕಾಗದಗಳನ್ನು ಹರಡಿಕೊಂಡು ಕೂತಿದ್ದ. ಶನಿವಾರ ಅವನಿಗೂ ಹುಷಾರಿರಲಿಲ್ಲವೆಂದು ಮೆಟ್ಟಿಲಲ್ಲಿ ಯಾರೋ ಹೇಳಿದ್ದರು. ಕೇಳಿಯೇ ಬಿಟ್ಟೆ, "ನಿಮಗೂ ಹುಷಾರಿರಲಿಲ್ವಂತೆ? ನೀವೂ ಮೀನು ತಿಂದ್ರಾ?"

"ಇಲ್ಲಮ್ಮ, ಶನಿವಾರ ನಾನು ತಿನ್ನಲ್ಲ. ಬೆಳಗ್ಗೆ ಎದ್ದಾಗ್ಲೇ ತಲೆ ಸುತ್ತು, ಆಮೇಲೆ ವಾಂತಿ. ಮಗೂನ ನೋಡಿ ಹಂಗಾಯ್ತು ಅನ್ಸುತ್ತೆ."

ಎದ್ದಾಗಲೇ. ಆಗ ಮಗು ಆಡಿಕೊಂಡಿತ್ತು, ಪಾತ್ರೆಯ ಮುಚ್ಚಳ ತೆಗೆದಿರಲಿಲ್ಲ. ಸೀರಿಯಲ್ಲಿನ ಪತ್ತೇದಾರನಾದರೆ ಅಲ್ಲೇ ಎದ್ದು ನಿಂತು ಹೇಳುತ್ತಿದ್ದ. ಅವನು ಹೇಳುವುದು ಬೇರೆಯವರ ಮಗನ ಹೆಸರನ್ನು. ನಾನು ಸುಮ್ಮನೆ ಮನೆಗೆ ಬಂದೆ.

ಸಂಜೆ ಮಗ ಬಸ್ಸಿಳಿದು ಬಂದ. ಶೂ ಬಿಚ್ಚುವ ಮೊದಲೇ ಕೇಳಿದೆ.

"ನೀನಿಟ್ಟದ್ದು ಅಕ್ಕಿ ಮೂಟೆಗೆ ಇಡುವ ಮಾತ್ರೆಯಾ?"

ಅವನ ಮುಖ ನೋಡಿದೆ. ಅಷ್ಟು ಸಾಕಾಯಿತು.

"ರಿಪೋರ್ಟ್ ಬರ್ಲಿ ಅಮ್ಮ" ಎಂದ. "ಅದರಲ್ಲಿ ಇದ್ರೆ ಅವರೇ ಬರ್ತಾರೆ. ನಾವಾಗಿ ಹೋಗುದೆಂತಕ್ಕೆ?"

"ಅಷ್ಟರಲ್ಲಿ ಅವಳು ಊರಲ್ಲಿರ್ತಾಳೆ, ಮಗುವನ್ನು ಕೊಂದವಳು ಅಂತ ಹಣೆಗೆ ಬರೆಸಿಕೊಂಡು. ಆಮೇಲೆ ನಿನ್ನ ರಿಪೋರ್ಟನ್ನು ಅಲ್ಲಿ ಯಾರು ಓದಿ ಹೇಳ್ತಾರೆ?"

"ನಾನು ಬೇಕು ಅಂತ ಮಾಡಿದ್ದಾ?"

"ಬೇಕು ಅಂತ ಅಲ್ಲ. ಆದ್ರೆ ಮಾಡಿದ್ದು ನೀನು."

"ನಾನು ಜೈಲಿಗೆ ಹೋದ್ರೆ ಇವರಿಬ್ಬರು ಎಲ್ಲಿಗೆ ಹೋಗ್ಬೇಕು? ಅದನ್ನು ಹೇಳು."

ಒಳಗಿನಿಂದ ಸೊಸೆ ಬಂದಳು. "ಅತ್ತೆ, ನಿಮ್ಮ ಹೊಟ್ಟೆಯಲ್ಲಿ ಹುಟ್ಟಿದವರಲ್ವಾ ಅವರು?"

"ಹೌದು. ಅದಕ್ಕೇ ಮುಖ ನೋಡಿದ ಕೂಡಲೇ ನನಗೆ ಗೊತ್ತಾದದ್ದು."

ಆ ದಿನ ಯಾರೂ ಟಿವಿ ಹಾಕಲಿಲ್ಲ.

ಮಂಗಳವಾರ ಬೆಳಗ್ಗೆ ಐದಕ್ಕೆ ಎದ್ದು ಸ್ನಾನ ಮಾಡಿದೆ. ಮಗನಿಗೆ ಚಾ ಇಟ್ಟೆ, ಅವನು ಕುಡಿಯಲಿಲ್ಲ. ಪಾತ್ರೆಯ ಸಕ್ಕರೆಯನ್ನು ನಮ್ಮ ಡಬ್ಬಿಗೆ ಸುರಿದೆ. ಬಾಲ್ಕನಿಗೆ ಹೋಗಿ ಚಪ್ಪಲಿಯ ಪೆಟ್ಟಿಗೆಯಿಂದ ಅವನ ಖಾಲಿ ಡಬ್ಬಿ ತೆಗೆದು ಪಾತ್ರೆಯೊಳಗೆ ಇಟ್ಟೆ.

"ನಾನು ಪಕ್ಕದ ಮನೆಗೆ ಹೋಗ್ತೇನೆ. ನೀನೂ ಬಂದ್ರೆ ನೀನಾಗಿಯೇ ಒಪ್ಪಿಕೊಂಡ ಹಾಗೆ ಆಗ್ತದೆ" ಎಂದೆ.

ಅವನು ಗೋಡೆ ನೋಡುತ್ತಾ ಕೂತಿದ್ದ.

ಪಕ್ಕದ ಮನೆಯ ಬೆಲ್ಲು ಒತ್ತಿದೆ. ಗಂಡ ಬಾಗಿಲು ತೆಗೆದ. ಅವಳ ಪೆಟ್ಟಿಗೆಯನ್ನು ಬಾಗಿಲ ಹತ್ತಿರ ತಂದಿಟ್ಟಿದ್ದರು, ಅವನ ಅಕ್ಕ ಅದಕ್ಕೆ ಹಗ್ಗ ಕಟ್ಟುತ್ತಿದ್ದಳು. ಕೋಣೆಯೊಳಗಿದ್ದ ಮಗುವಿನ ತಾಯಿಯನ್ನು ನಾನೇ ಹೊರಗೆ ಕರೆದೆ. ಪಾತ್ರೆಯನ್ನು ಮೇಜಿನ ಮೇಲಿಟ್ಟು, ಹೆಸರು ಅವರ ಕಡೆಗೆ ಬರುವಂತೆ ತಿರುಗಿಸಿದೆ.

"ಮೀನು ಮಾಡಿದ್ದು ನಾನು. ಅದು ಕೆಟ್ಟಿರಲಿಲ್ಲ. ಮಗುವನ್ನು ಕೊಂದದ್ದು ಈ ಡಬ್ಬಿಯ ಮಾತ್ರೆ. ನಮ್ಮ ಮನೆಯಲ್ಲಿ ಇಟ್ಟವನು ನನ್ನ ಮಗ. ಶನಿವಾರದಿಂದ ನನಗೆ ಗೊತ್ತಿತ್ತು. ಪೊಲೀಸರನ್ನು ಕರೀರಿ."

ಆಮೇಲೆ ತಾಯಿಯ ಕಡೆ ತಿರುಗಿ, ಮೂರು ದಿನ ತಡವಾಗಿ, "ತಪ್ಪಾಯ್ತು" ಎಂದೆ. ಕೆಳಗೆ ಕಂಪನಿ ಬಸ್ಸು ಎರಡು ಸಲ ಹಾರ್ನ್ ಹೊಡೆದು ಹೊರಟುಹೋಯಿತು. ತಿರುಗಿ ನೋಡಿದರೆ ಮಗ ನಮ್ಮ ಬಾಗಿಲಲ್ಲಿ ಬರಿಗಾಲಲ್ಲಿ ನಿಂತಿದ್ದ. ಗಂಡ ಫೋನು ಎತ್ತಿಕೊಂಡ. ನಾನು ಅಕ್ಕನ ಕೈಯಿಂದ ಹಗ್ಗ ತೆಗೆದುಕೊಂಡು ಆ ಪೆಟ್ಟಿಗೆಯ ಗಂಟು ಬಿಚ್ಚತೊಡಗಿದೆ.