ಚಮಚದಕ್ಕನ ಸ್ಟ್ರಾಬೆರಿ ಹಾಲು

ಆಸ್ಪತ್ರೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ದುಡಿದ ಆ ಹೆಂಗಸಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಅದು ಹಾಜರಿ ಪುಸ್ತಕಕ್ಕೆ ಮಾತ್ರ. ಬಾಗಿಲು ಕಾಯುವವನಿಂದ ಹಿಡಿದು ದೊಡ್ಡ ಡಾಕ್ಟರ ತನಕ ಎಲ್ಲರಿಗೂ ಅವಳು ಚಮಚದಕ್ಕ. ನುಂಗಲು ತೊಂದರೆ ಇರುವ ರೋಗಿಗಳಿಗೆ ಹಾಲು, ಹಣ್ಣಿನ ರಸ, ಚಹಾ, ಕೊನೆಗೆ ನೀರನ್ನೂ ಪುಡಿ ಬೆರೆಸಿ ಗಟ್ಟಿ ಮಾಡಿ ಕೊಡುವುದು ಅವಳ ಕೆಲಸ. ತೆಳ್ಳಗಿನದು ಅಂಥವರ ಗಂಟಲಲ್ಲಿ ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿದುಬಿಡುತ್ತದೆ. ಗಟ್ಟಿಯಾದದ್ದು ಹೇಳಿದ ಮಾತು ಕೇಳಿಕೊಂಡು ನಿಧಾನಕ್ಕೆ ಹೋಗುತ್ತದೆ. ಪ್ರತಿ ಲೋಟಕ್ಕೂ ಅವಳು ಚಮಚ ಅದ್ದಿ, ಎತ್ತಿ, ಓರೆ ಮಾಡಿ ನೋಡುತ್ತಿದ್ದಳು. ತೊಟ್ಟಿಕ್ಕಿದರೆ ಫೇಲು. ಮುದ್ದೆಯಾಗಿ ಜಾರಿ ಬಿದ್ದರೆ ಪಾಸು. ದಿನಕ್ಕೆ ನಲವತ್ತು ಲೋಟ, ಒಂದೂ ತಪ್ಪಿದ್ದಿಲ್ಲ.

ಒಂದೂ ತಪ್ಪದವರ ಜೊತೆ ಬಾಳುವುದು ಎಷ್ಟು ಕಷ್ಟ ಅನ್ನುವುದನ್ನು ಅವಳ ಅಣ್ಣನನ್ನು ಕೇಳಬೇಕು.

ಅಣ್ಣ ಮನೆಗಳಿಗೆ ಬಣ್ಣ ಬಳಿಯುವವನು. ಅವಳಿಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವನು. ಅವಳಿಗೆ ಎಂಟು ತುಂಬುವ ಹೊತ್ತಿಗೆ ಅಪ್ಪ ಅಮ್ಮ ಒಬ್ಬರ ಹಿಂದೆ ಒಬ್ಬರು ಹೋದರು. ಅಂದಿನಿಂದ ಅವನೇ ಅಪ್ಪ, ಅವನೇ ಅಮ್ಮ. ಜಡೆ ಹೆಣೆಯುವುದನ್ನೂ ಕಲಿತ. ಮೊದಮೊದಲು ಅವನು ಹೆಣೆದ ಜಡೆ ಎಷ್ಟು ಬಿಗಿಯಾಗಿರುತ್ತಿತ್ತೆಂದರೆ ಹುಡುಗಿಯ ಹುಬ್ಬು ಎರಡಂಗುಲ ಮೇಲೇರಿ, ಶಾಲೆಯಲ್ಲಿ ಟೀಚರು ‘ಏನಷ್ಟು ಆಶ್ಚರ್ಯ?’ ಎಂದು ಕೇಳುತ್ತಿದ್ದರು. ಮದುವೆಯ ಮಾತು ಬಂದಾಗಲೆಲ್ಲ ಅವನು ‘ಮೊದಲು ತಂಗೀದಾಗ್ಲಿ’ ಅನ್ನುವನು, ಅವಳು ‘ಮೊದಲು ಅಣ್ಣಂದಾಗ್ಲಿ’ ಅನ್ನುವಳು. ಹೀಗೆ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಡುತ್ತಾ ಇಬ್ಬರೂ ಹೊಸ್ತಿಲಲ್ಲೇ ನಿಂತುಬಿಟ್ಟರು.

ಭಾನುವಾರ ಸಂಜೆ ಮಾರುಕಟ್ಟೆ ಮುಚ್ಚುವ ಹೊತ್ತಿಗೆ ಅಣ್ಣ ಹೋಗಿ, ಬುಟ್ಟಿಯ ತಳದಲ್ಲಿ ಉಳಿದ ಸ್ಟ್ರಾಬೆರಿ ತರುತ್ತಿದ್ದ. ಮೆತ್ತಗಾದದ್ದು, ಒಂದು ಮಗ್ಗುಲು ಜಜ್ಜಿದ್ದು. ಕೆಟ್ಟ ಭಾಗ ಕುಯ್ದು ಬಿಸಾಡಿದರೆ ಉಳಿಯುವುದು ಒಂದು ಹಿಡಿ. ಮಿಕ್ಸಿಯೂ ಹಾಗೇ ಬಂದದ್ದು. ಯಾರದೋ ಅಡುಗೆಮನೆಗೆ ಬಣ್ಣ ಬಳಿದಾಗ ಆ ಮನೆಯಾಕೆ ಹಳೆಯದಾಯಿತೆಂದು ಕೊಟ್ಟಿದ್ದಳು. ತಿರುಗಿಸಿದರೆ ಆಚೆ ಮೂರು ಮನೆಯವರು ಕಿಟಕಿ ಹಾಕಿಕೊಳ್ಳುತ್ತಿದ್ದರು. ಅಣ್ಣನ ಕೆಲಸದಲ್ಲಿ ಅವಸರವಿರಲಿಲ್ಲ. ಹಣ್ಣಿಗೆ ಸಕ್ಕರೆ ಬೆರೆಸಿ, ಅದು ತನ್ನ ನೀರು ತಾನೇ ಬಿಡುವ ತನಕ ಕಾಯಬೇಕು. ಆಮೇಲೆ ಅದಷ್ಟನ್ನೇ ನುಣ್ಣಗೆ ರುಬ್ಬಬೇಕು. ಆಮೇಲೆ ತಣ್ಣಗಿನ ಹಾಲು. ಎರಡು ದಿನ ಕೂಡಿಟ್ಟ ಕೆನೆ ಕಟ್ಟಕಡೆಗೆ, ಅದೂ ಎರಡೇ ಸುತ್ತು.

“ಮೂರನೇ ಸುತ್ತು ತಿರುಗಿಸಿದ್ಯೋ, ಬೆಣ್ಣೆ ಬಂದು ಮೇಲೆ ಕೂತ್ಕೊಳ್ಳುತ್ತೆ. ಆಮೇಲೆ ಅದು ಕುಡಿಯೋದಲ್ಲ, ಕಾಲಿಗೆ ಹಚ್ಕೊಳ್ಳೋದು,” ಎನ್ನುತ್ತಿದ್ದ.

ಸರಿಯಾಗಿ ಒಂದು ದೊಡ್ಡ ಲೋಟ ಆಗುತ್ತಿತ್ತು. ಅದು ತಂಗಿಗೆ.

“ನಿಂಗೆ ಅಣ್ಣ?”

“ನಂಗೆ ಆಮೇಲೆ. ನೀನು ಕುಡಿ,” ಎಂದು ಬೆನ್ನು ತಿರುಗಿಸಿ ಜಾರ್ ತೊಳೆಯಲು ನಿಲ್ಲುತ್ತಿದ್ದ. ಮನೆಯ ಪಾತ್ರೆಯೆಲ್ಲ ಅವಳ ಪಾಲು, ಮಿಕ್ಸಿ ಜಾರ್ ಮಾತ್ರ ಅವನದು. ಕೇಳಿದರೆ, “ಬ್ಲೇಡು ಕೈ ಕುಯ್ಯುತ್ತೆ, ನೀನು ಮುಟ್ಬೇಡ.” ಅವಳಿಗೆ ಮೂವತ್ತಾಯಿತು, ನಲವತ್ತಾಯಿತು. ಅವಳ ಸಂಬಳ ಬಂದು ಮನೆಗೆ ಫ್ರಿಜ್ಜು, ಹೊಸ ಮಿಕ್ಸಿ, ಬುಟ್ಟಿಯ ಮೇಲ್ಗಡೆಯ ಒಳ್ಳೆಯ ಹಣ್ಣು ಎಲ್ಲವೂ ಬಂದವು. ಆದರೂ ಅಣ್ಣನಿಗೆ ಈ ಬ್ಲೇಡಿನ ಭಯ ಮಾತ್ರ ಹೋಗಲಿಲ್ಲ. ಇಷ್ಟು ವಯಸ್ಸಾದರೂ ತನ್ನ ಮೇಲೆ ಎಷ್ಟು ಅಕ್ಕರೆ ಎಂದುಕೊಳ್ಳುತ್ತಾ ಅವಳು ಲೋಟ ಬರಿದು ಮಾಡಿ, ತುಟಿಯ ಮೇಲಿನ ಗುಲಾಬಿ ಮೀಸೆ ಒರೆಸಿಕೊಳ್ಳುತ್ತಿದ್ದಳು.

ಕಳೆದ ವರ್ಷ ಅಣ್ಣನಿಗೆ ಪಾರ್ಶ್ವವಾಯು ಬಡಿಯಿತು. ಯಾರದೋ ಗೋಡೆಯ ಮುಂದೆ ಬ್ರಷ್ಷು ಹಿಡಿದು ನಿಂತವನು ನಿಂತಲ್ಲೇ ಕುಸಿದ. ಎಡಗೈ ಎಡಗಾಲು ಸೋತವು, ಮಾತು ತೊದಲಿತು, ಗಂಟಲು ಮುಷ್ಕರ ಹೂಡಿತು. ಪುಣ್ಯಕ್ಕೆ ಜೀವ ಉಳಿಯಿತು. ಮನೆಗೆ ಕಳಿಸುವಾಗ ಆಸ್ಪತ್ರೆಯವರು ಒಂದು ಕಾರ್ಡು ಕೊಟ್ಟರು. ಕುಡಿಯುವುದೆಲ್ಲ ಗಟ್ಟಿಯಾಗಿರಲಿ, ಆರು ವಾರದ ನಂತರ ನುಂಗುವುದನ್ನು ಪರೀಕ್ಷಿಸುವ ಮೇಡಂ ಹತ್ತಿರ ಕರೆತನ್ನಿ ಎಂದು ಅದರಲ್ಲಿ ಬರೆದಿತ್ತು.

ಆ ಮೇಡಂ ಕೂರುವ ಕೋಣೆ ಚಮಚದಕ್ಕನ ಅಡುಗೆಮನೆಯಿಂದ ಇಪ್ಪತ್ತು ಹೆಜ್ಜೆ. ಬಂದು ಎರಡು ವರ್ಷವೂ ಆಗಿರದ ಹುಡುಗಿ. ಬಂದ ಹೊಸದರಲ್ಲಿ ಅಡುಗೆಮನೆಯ ಎಲ್ಲರ ಎದುರಿಗೆ, “ಅಕ್ಕ, ಚಮಚ ನೋಡಿ ಹೇಳೋದು ಹಳೇ ಕಾಲದ್ದು. ಸಿರಿಂಜಲ್ಲಿ ಹಾಕಿ, ಹತ್ತು ಸೆಕೆಂಡಿಗೆ ಎಷ್ಟು ಇಳಿಯುತ್ತೆ ಅಂತ ಅಳೀಬೇಕು,” ಎಂದಿದ್ದಳು. ಪಾಪ, ಮೆತ್ತಗೇ ಹೇಳಿದ್ದಳು. ಚಮಚದಕ್ಕನಿಗೆ ಮಾತ್ರ ಅದು ಮುಳ್ಳಾಗಿ ನಾಟಿತು. ಮೊನ್ನೆ ಮೊನ್ನೆ ಕಣ್ಣು ಬಿಟ್ಟವಳು ತನಗೆ ಗಂಟಲಿನ ಪಾಠ ಹೇಳುವುದೇ? ಕಾರ್ಡನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟಳು. ಆರನೇ ವಾರ ಬಂತು, ಹೋಯಿತು. ದಿನಾ ನಲವತ್ತು ಗಂಟಲು ಸಂಭಾಳಿಸುವವಳಿಗೆ ಮನೆಯದೊಂದು ಗೊತ್ತಾಗುವುದಿಲ್ಲವೇ ಎಂದು ತನಗೆ ತಾನೇ ಹೇಳಿಕೊಂಡಳು.

ಭಯವೂ ಇತ್ತು, ಇಲ್ಲವೆನ್ನಲಾಗದು. ಯಾರೋ ಅಕ್ಕರೆಯಿಂದ ಒಂದು ಗುಟುಕು ನೀರು ಕೊಟ್ಟದ್ದಕ್ಕೆ ರೋಗಿಯ ಮುಖ ನೀಲಿಗಟ್ಟಿದ್ದನ್ನು ಅವಳು ವಾರ್ಡಿನಲ್ಲಿ ಕಣ್ಣಾರೆ ಕಂಡಿದ್ದಳು. ಆದರೆ ಬರೀ ಭಯವಾಗಿದ್ದರೆ ಅವಳು ಮೇಡಂ ಬಳಿಗೆ ಓಡಿಹೋಗುತ್ತಿದ್ದಳು. ಅವಳನ್ನು ತಡೆದದ್ದು ಆ ಮುಳ್ಳು.

ಮಾತು ಸ್ವಲ್ಪ ತಿಳಿಯಾದ ಮೇಲೆ ಅಣ್ಣ ಮೊದಲು ಕೇಳಿದ್ದೇ ಸ್ಟ್ರಾಬೆರಿ ಹಾಲು. ಅವಳಿಗೆ ಹಿಗ್ಗೋ ಹಿಗ್ಗು. ಭಾನುವಾರ ಅವನು ಹೇಳಿಕೊಟ್ಟ ಹಾಗೇ ಮಾಡಿದಳು. ಆಮೇಲೆ ವಾರ್ಡಿನ ಹಾಗೆ ಬೀಜ ಸೋಸಿದಳು, ಪುಡಿ ಬೆರೆಸಿದಳು, ಚಮಚ ಎತ್ತಿ ನೋಡಿದಳು. ಮುದ್ದೆಯಾಗಿ ಜಾರಿತು. ಅಣ್ಣನ ಕತ್ತಿಗೆ ಬಟ್ಟೆ ಕಟ್ಟಿ ಎದುರು ಕೂತಳು.

ಅಣ್ಣ ಚಮಚದಲ್ಲಿದ್ದುದನ್ನೇ ನೋಡಿದ. “ಇದು ಕುಡಿಯೋದಾ, ಗೋಡೆಗೆ ಬಳಿಯೋದಾ? ಎರಡು ಕೋಟು ಆರಾಮಾಗಿ ಬರುತ್ತೆ.”

“ತಮಾಷೆ ಸಾಕು, ಬಾಯಿ ತೆಗಿ.”

“ತೆಳ್ಳಗೆ ಮಾಡೇ. ಮೊದಲನೇ ಕೋಟು ಯಾವಾಗ್ಲೂ ತೆಳ್ಳಗಿರ್ಬೇಕು.”

“ಗೋಡೆಗೆ ಶ್ವಾಸಕೋಶ ಇಲ್ಲ ಅಣ್ಣ. ಬಾಯಿ ತೆಗಿ.”

ಪ್ರತಿ ಭಾನುವಾರ ಇದೇ ಮಾತು. ತೆಳ್ಳಗೆ ಮಾಡೇ, ಒಂದೇ ಒಂದು ಸಲ. ಆಗಲ್ಲ ಅಣ್ಣ. ಹೀಗೆ ಎರಡು ತಿಂಗಳು ಕಳೆದ ಮೇಲೆ ಒಂದು ಭಾನುವಾರ ಅವಳು ಬಟ್ಟೆ ಒಣಹಾಕಿ ಒಳಗೆ ಬಂದರೆ, ಅಣ್ಣ ಅಡುಗೆಮನೆಯ ಸಿಂಕಿಗೆ ಒರಗಿ ನಿಂತಿದ್ದಾನೆ. ಊರುಗೋಲು ಗೋಡೆಗೆ ಒರಗಿದೆ. ಸರಿಯಿರುವ ಕೈಯಲ್ಲಿ ಇನ್ನೂ ತೊಳೆಯದ ಮಿಕ್ಸಿ ಜಾರ್, ಪಕ್ಕದಲ್ಲಿ ಹಾಲಿನ ಪಾತ್ರೆ.

“ಜಾರ್ ನಾನು ತೊಳೀತೀನಿ, ಬಿಡು,” ಎಂದ.

ಕದ್ದು ತೆಳ್ಳಗೆ ಮಾಡಿಕೊಂಡು ಕುಡಿಯಲು ಹೊರಟಿದ್ದಾನೆ ಎಂದು ಅವಳು ಬಗೆದಳು. ಜಾರನ್ನು ಕೈಯಿಂದ ಕಿತ್ತುಕೊಂಡಳು. ಸಾಯಬೇಕು ಅಂತಿದ್ದೀಯಾ, ನಿನಗೇನು ಮಗುವಿನ ಬುದ್ಧಿಯಾ ಎಂದೆಲ್ಲ ಕೂಗಾಡಿದಳು. ಜಾರನ್ನು ಉಜ್ಜಿ ತೊಳೆದು, ಬೀರುವಿನಲ್ಲಿಟ್ಟು ಬೀಗ ಹಾಕಿದಳು. ತನ್ನನ್ನು ಸಾಕಿದ ಅಣ್ಣನ ಕಣ್ಣೆದುರಿಗೇ ಬೀಗ ಹಾಕಿದಳು. ಅವನು ಊರುಗೋಲು ಎತ್ತಿಕೊಂಡು ಕೋಣೆಗೆ ನಡೆದ. ಅಂದಿನಿಂದ ಕೇಳುವುದನ್ನೇ ಬಿಟ್ಟ. ಕೊಟ್ಟದ್ದನ್ನು ಬಾಯಿ ತೆರೆದು ನುಂಗುತ್ತಿದ್ದ, ಅರ್ಧಕ್ಕೇ ಸಾಕೆನ್ನುತ್ತಿದ್ದ. ಅಂಗಿಯ ಕಾಲರಿನೊಳಗೆ ಕತ್ತು ಸಣ್ಣದಾಗುತ್ತಾ ಹೋಯಿತು.

ಅಣ್ಣನಿಗೆ ಒಬ್ಬನೇ ಒಬ್ಬ ಗೆಳೆಯ. ಅಣ್ಣ ಮೇಲೆ ಹತ್ತಿದಾಗ ಮೂವತ್ತು ವರ್ಷ ಕೆಳಗೆ ಏಣಿ ಹಿಡಿದು ನಿಂತವನು, ಆಳೂ ಅಷ್ಟೇ ಉದ್ದ, ಹಾಗಾಗಿ ಏಣಿ ಎಂದೇ ಹೆಸರು. ಭಾನುವಾರ ತಪ್ಪದೆ ಚಹಾಕ್ಕೆ ಬರುತ್ತಿದ್ದ. ಅವನೆದುರು ಕತ್ತಿಗೆ ಬಟ್ಟೆ ಕಟ್ಟಿಸಿಕೊಂಡು ಚಮಚದಲ್ಲಿ ಚಹಾ ತಿನ್ನಲು ಅಣ್ಣನಿಗೆ ನಾಚಿಕೆ. “ಲೋಟ ಹಿಡಿಯೋ ಹಾಗಾದ್ಮೇಲೆ ಹೇಳಿ ಕಳಿಸ್ತೀನಿ ಕಣೋ, ಅಲ್ಲೀತನಕ ಬರ್ಬೇಡ,” ಎಂದಿದ್ದ. ಏಣಿ ಒಂದು ತಿಂಗಳು ಕಾದ, ನಾಲ್ಕು ತಿಂಗಳು ಕಾದ. ಆಮೇಲೆ ದೂರದೂರಿನಲ್ಲಿದ್ದ ಅವನ ಮಗಳು ಬಂದು ಅವನನ್ನು ಕರೆದುಕೊಂಡು ಹೋದಳು. ಹೊರಡುವ ದಿನ ಹೇಳಿ ಹೋಗಲು ಬಾಗಿಲಿಗೆ ಬಂದಿದ್ದ. ಅದು ಅಣ್ಣನಿಗೆ ತಿನ್ನಿಸುವ ಹೊತ್ತು. ಅಣ್ಣ ಕೋಣೆಯಿಂದ ಹೊರಗೆ ಬರಲೇ ಇಲ್ಲ.

ಐದನೇ ತಿಂಗಳ ಒಂದು ಸೋಮವಾರ. ಚಮಚದಕ್ಕ ನಲವತ್ತು ಲೋಟದ ಗಾಡಿ ತಳ್ಳಿಕೊಂಡು ವಾರ್ಡಿನ ಕಡೆ ಹೊರಟಿದ್ದಳು. ಮೇಡಂ ಕೋಣೆಯ ಹೊರಗಿನ ಬೆಂಚಿನ ಮೇಲೆ ಅಣ್ಣ ಕೂತಿದ್ದ. ಒಂದೇ ಕೈಯಲ್ಲಿ ಹಾಕಿಕೊಂಡ ಅಂಗಿಯ ಗುಂಡಿಗಳು ಒಂದೊಂದು ಮನೆ ತಪ್ಪಿದ್ದವು. ಮಡಿಲಲ್ಲಿ ಕಾರ್ಡು.

“ಅಣ್ಣಾ! ಒಬ್ಬನೇ ಹೇಗೆ ಬಂದೆ?”

“ನಡ್ಕೊಂಡು. ನಿಂತು, ಕೂತು, ನಿಂತು.” ಅಣ್ಣ ಅವಳ ಮುಖ ನೋಡಲಿಲ್ಲ. “ಇವತ್ತು ನೀನು ಬೀಗದ ಕೈ ಬೀರೂಲೇ ಬಿಟ್ಟಿದ್ದೆ. ಜಾರ್ ತೊಗೊಳ್ಳೋಣ ಅಂತ ಹುಡುಕ್ದೆ. ಜೊತೆಗೆ ಇದೂ ಸಿಕ್ತು.”

ಅಷ್ಟರಲ್ಲಿ ಮೇಡಂ ಒಳಗೆ ಕರೆದಳು. ಚಮಚದಕ್ಕ ಬಾಗಿಲಿನ ಚೌಕಟ್ಟು ಹಿಡಿದು ನಿಂತಳು. ಮೇಡಂ ಮೊದಲು ಒಂದು ಚಮಚ ನೀರು ಕೊಟ್ಟಳು, ಬರೀ ನೀರು. ಗಂಟಲಿಗೆ ಸ್ಟೆತಾಸ್ಕೋಪು ಇಟ್ಟು ಕೇಳಿದಳು. “ಆ ಅನ್ನಿ.” ಅಣ್ಣ ಆ ಅಂದ, ದನಿ ತಿಳಿಯಾಗಿತ್ತು. ಇನ್ನೊಂದು ಚಮಚ. ಆಮೇಲೆ ಕಾಲು ಲೋಟ. ಚಮಚದಕ್ಕ ಅವನ ಗಂಟಲಿನ ಗಂಟು ಏರಿ ಇಳಿಯುವುದನ್ನೇ ನೋಡುತ್ತಿದ್ದಳು. ಕೆಮ್ಮು ಬರಲಿಲ್ಲ. ಕಣ್ಣಲ್ಲಿ ನೀರು ಬರಲಿಲ್ಲ. ಐದು ತಿಂಗಳ ನಂತರ ಅಣ್ಣ ಮನುಷ್ಯರ ಹಾಗೆ ನೀರು ಕುಡಿದ, ಕುಡಿದು ಖಾಲಿ ಲೋಟವನ್ನು ಮತ್ತೆ ಮುಂದಕ್ಕೆ ಚಾಚಿದ.

“ಇನ್ನು ಪುಡಿ ಬೇಡ ಅಕ್ಕ. ನೇರ ಕೂತು, ಸಣ್ಣ ಸಣ್ಣ ಗುಟುಕು, ಅಷ್ಟೆ,” ಎಂದಳು ಮೇಡಂ.

“ಯಾವಾಗಿಂದ... ಯಾವಾಗಿಂದ ಸರಿ ಹೋಗಿರ್ಬಹುದು ಮೇಡಂ?”

“ಹೇಗೆ ಹೇಳೋದು ಅಕ್ಕ? ಆರನೇ ವಾರಕ್ಕೇ ಕರ್ಕೊಂಡು ಬಂದಿದ್ರೆ ಆವಾಗ್ಲೇ ನೋಡ್ಬಹುದಿತ್ತು.”

ಮೇಡಂ ಬೈದಿದ್ದರೆ ಚೆನ್ನಾಗಿರುತ್ತಿತ್ತು. ಬೈಯಲಿಲ್ಲ. ಅಣ್ಣನೂ ಬೈಯಲಿಲ್ಲ. ಅವಳು ಗಾಡಿ ತಳ್ಳಿಕೊಂಡು ಹೋಗಿ, ಅಂದಿನ ನಲವತ್ತು ಲೋಟಗಳನ್ನೂ ಎಲ್ಲೂ ತಪ್ಪದೆ ಹಂಚಿದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ಅವಳ ಒಲೆ ಅಂದು ಉರಿಯಲು ಶುರುವಾದದ್ದು ಇನ್ನೂ ಆರಿಲ್ಲ.

ಮುಂದಿನ ಭಾನುವಾರ ಅವಳು ಮಾರುಕಟ್ಟೆ ತೆರೆಯುವ ಹೊತ್ತಿಗೇ ಹೋಗಿ, ಕೈಯಾರೆ ಆರಿಸಿ ಒಂದು ಕಿಲೋ ಸ್ಟ್ರಾಬೆರಿ ತಂದಳು. ಬೀರುವಿನಿಂದ ಜಾರ್ ತೆಗೆದು, ಬೀಗದ ಕೈಯನ್ನು ಅಣ್ಣನ ಮುಂದಿಟ್ಟಳು. ಹಣ್ಣಿಗೆ ಸಕ್ಕರೆ ಬೆರೆಸಿ ಕಾದಳು. ರುಬ್ಬಿದಳು. ಬೀಜ ಸೋಸಲಿಲ್ಲ. ತಣ್ಣಗಿನ ಹಾಲು, ಕೊನೆಗೆ ಕೆನೆ, ಎರಡೇ ಸುತ್ತು. ಮನೆಯ ದೊಡ್ಡ ಲೋಟ ತುಂಬಾ ನೊರೆ ಎದ್ದ ಗುಲಾಬಿ ಹಾಲು ತಂದು ಅಣ್ಣನ ಕೈಗೆ ಕೊಟ್ಟಳು. ಕತ್ತಿಗೆ ಬಟ್ಟೆ ಕಟ್ಟಲಿಲ್ಲ.

ಅಣ್ಣ ಒಂದು ಗುಟುಕು ಕುಡಿದ. ಬಾಯಲ್ಲಿಟ್ಟುಕೊಂಡು ಯೋಚಿಸಿ ನುಂಗಿದ. ಆಮೇಲೆ ಲೋಟವನ್ನು ಅವಳ ಕಡೆಗೆ ಸರಿಸಿದ.

“ಚೆನ್ನಾಗಿದೆ. ನೀನು ಕುಡಿ.”

“ಯಾಕಣ್ಣ? ಇನ್ನೂ ಗಟ್ಟಿ ಇದೆಯಾ?”

“ಇಲ್ಲ, ಇದು ನಿಂದು. ನಂಗೆ ಜಾರ್ ಕೊಡು.”

ಅವಳು ಕೊಟ್ಟಳು. ಜಾರಿನ ಗೋಡೆಗೆ, ಬ್ಲೇಡಿನ ಸಂದಿಗೆ ಗುಲಾಬಿ ಕೆನೆ ಅಂಟಿಕೊಂಡಿತ್ತು. ಅಣ್ಣ ಅದಕ್ಕೆ ಕಾಲು ಲೋಟದಷ್ಟು ಹಾಲು ಸುರಿದು, ಮುಚ್ಚಳ ಹಾಕಿ ಎದೆಗೆ ಒತ್ತಿಕೊಂಡ. ಒಂದೇ ಕೈಯಲ್ಲಿ, ಇಡೀ ಮೈ ಅಲ್ಲಾಡುವಂತೆ ಕುಲುಕಿದ. ಮುಚ್ಚಳ ತೆಗೆದು ಜಾರನ್ನೇ ಬಾಯಿಗೆ ಎತ್ತಿದ. ಬಣ್ಣವೂ ಸರಿಯಾಗಿ ಹಿಡಿಯದ, ನೀರಿನಂಥ ಹಾಲು. ಕಣ್ಣು ಮುಚ್ಚಿ ಕುಡಿದ.

“ಹ್ಞಾ, ಇದು,” ಎಂದ.

ಚಮಚದಕ್ಕ ಜಾರನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು. “ಅಣ್ಣ, ಆವಾಗೆಲ್ಲ ನೀನು ಕುಡೀತಿದ್ದಿದ್ದು ಇದನ್ನಾ?”

“ಹಣ್ಣು ಒಂದು ಲೋಟಕ್ಕೆ ತಾನೇ ಸಾಕಾಗ್ತಿದ್ದಿದ್ದು?”

“ಆಮೇಲೆ ಬೇಕಾದಷ್ಟು ಹಣ್ಣು ಬಂತಲ್ಲ!”

“ಬಂತು. ಅಷ್ಟೊತ್ತಿಗೆ ನಾಲಿಗೆ ಇದಕ್ಕೇ ಒಗ್ಗಿಹೋಗಿತ್ತು.” ಅಣ್ಣ ಜಾರಿನೊಳಗೆ ಇಣುಕಿ ನೋಡಿ, ಕೊನೆಯ ಗುಟುಕು ಕುಡಿದ. “ಏಣಿ ಇದ್ದಿದ್ರೆ ಅವನಿಗೂ ತೋರಿಸ್ಬಹುದಿತ್ತು, ಲೋಟ ಹಿಡಿಯೋ ಹಾಗಾದೆ ಅಂತ.”

ಆ ಮಾತಿನಲ್ಲಿ ದೂರು ಇರಲಿಲ್ಲ. ಸಿಂಕಿನ ಮುಂದೆ ಅವಳು ಉಜ್ಜಿ ಉಜ್ಜಿ ತೊಳೆದು ಚರಂಡಿಗೆ ಬಿಟ್ಟ ಅಷ್ಟೂ ಭಾನುವಾರಗಳು ಅವಳ ಕಣ್ಣ ಮುಂದೆ ಬಂದವು. ತಪ್ಪಾಯಿತು ಅಣ್ಣ ಎನ್ನಬೇಕಿತ್ತು. ಏನಾದರೂ ಮಾಡಬೇಕಲ್ಲ ಎಂದು ಲೋಟ ಎತ್ತಿ ಒಂದು ಗುಟುಕು ಬಾಯಿಗೆ ಹಾಕಿಕೊಂಡಳು. ಹಣ್ಣು, ಕೆನೆ, ಸಕ್ಕರೆ ಎಲ್ಲವೂ ಹದವಾಗಿತ್ತು. ನುಂಗಲು ನೋಡಿದಳು. ಗುಟುಕು ಕೆಳಗೆ ಇಳಿಯಲಿಲ್ಲ. ಕೆನ್ನೆ ಉಬ್ಬಿಸಿಕೊಂಡು, ಕಣ್ಣು ತುಂಬಿಕೊಂಡು ಹಾಗೇ ನಿಂತಳು.

ಅಣ್ಣ ಜಾರನ್ನು ಕೆಳಗಿಟ್ಟು ಅವಳನ್ನೇ ನೋಡಿದ. ಎಂಟು ವರ್ಷದವಳ ಜಡೆ ಬಿಗಿಯಾಯಿತೇನೋ ಎಂದು ನೋಡುತ್ತಿದ್ದ ಹಾಗೇ ನೋಡಿದ.

“ಯಾಕೆ ಪುಟ್ಟಿ, ನುಂಗಕ್ಕಾಗ್ತಿಲ್ವಾ? ಸ್ವಲ್ಪ ಪುಡಿ ಹಾಕಿ ಕೊಡ್ಲಾ?” ಎಂದ.