ಓಡಿದ ನಾಯಿಗೆ ಸೊನ್ನೆ

ಪಶು ಆಸ್ಪತ್ರೆಯ ಹಗ್ಗದಕ್ಕ ಅಂದರೆ ಪೇಟೆಯಲ್ಲಿ ಗೊತ್ತಿಲ್ಲದವರಿಲ್ಲ. ಎರಡು ಕಾಲಿನವರಿಗಿಂತ ನಾಲ್ಕು ಕಾಲಿನವರಿಗೆ ಇನ್ನೂ ಚೆನ್ನಾಗಿ ಗೊತ್ತು. ಹೆಗಲ ಮೇಲೆ ಸದಾ ಒಂದು ಹಗ್ಗ ಇರುತ್ತಿದ್ದುದರಿಂದ ಆ ಹೆಸರು. ಒದೆಯುವ ಕುದುರೆ, ಕಚ್ಚುವ ನಾಯಿ, ಹಾಯುವ ಎತ್ತು ಯಾವುದೇ ಬರಲಿ, ಡಾಕ್ಟರು ಬಾಗಿಲ ಹಿಂದೆ ನಿಂತು ಮೊದಲು ಅವಳನ್ನು ಕೂಗುತ್ತಿದ್ದರು. ಅವಳು ಹೋಗಿ ಕಿವಿಯ ಹಿಂದೆ ತುರಿಸಿ, ಏನೋ ಎರಡು ಮಾತಾಡಿ, ಹಗ್ಗ ಹಾಕಿ ನಿಲ್ಲಿಸಿದ ಮೇಲೆ ಡಾಕ್ಟರಿಗೆ ಧೈರ್ಯ ಬರುತ್ತಿತ್ತು. ಸೂಜಿ ಚುಚ್ಚುವುದು ಅವರು, ಒದೆ ತಿನ್ನುವುದು ಇವಳು. ಕೆಲಸದ ಹಂಚಿಕೆ ಚೆನ್ನಾಗಿಯೇ ಇತ್ತು, ಹಂಚಿದವರ ಕಡೆಯಿಂದ ನೋಡಿದರೆ.

ಹಿಡಿಯುವ ಕೆಲಸ ಬಿಟ್ಟು ಚಿಕಿತ್ಸೆ ಮಾಡುವ ಕೆಲಸಕ್ಕೆ ಹೋಗಬೇಕೆಂಬುದು ಅವಳ ಆಸೆ. ಗಾಯ ತೊಳೆದು ಹೊಲಿಗೆ ಹಾಕುವ, ಲಸಿಕೆ ಕೊಡುವ ಸಹಾಯಕಿಯ ತರಬೇತಿಗೆ ಸೇರಬೇಕಾದರೆ ವಿಜ್ಞಾನದ ಪರೀಕ್ಷೆ ಪಾಸಾಗಿರಬೇಕಿತ್ತು. ಉಳಿದದ್ದೆಲ್ಲ ಪಾಸು. ಭೌತಶಾಸ್ತ್ರ ಮಾತ್ರ ಎರಡು ಸಲ ಕೈಕೊಟ್ಟಿತ್ತು. ಈ ವರ್ಷ ದಾಟಿದರೆ ವಯಸ್ಸಿನ ಮಿತಿಯೂ ದಾಟುತ್ತದೆ. ಆಮೇಲೆ ನಿವೃತ್ತಿಯ ತನಕ ಹಗ್ಗವೇ ಗತಿ.

ತಮಾಷೆ ಏನೆಂದರೆ, ಅರ್ಧ ಪೇಟೆಗೆ ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಟೀಚರು ಅವಳ ಮನೆಯಲ್ಲೇ ಇದ್ದರು. ಅವಳ ಅತ್ತೆ. ತಮ್ಮ ಕೈಯಲ್ಲಿ ಕಲಿತು ಫೇಲಾದವರು ಒಬ್ಬರೂ ಇಲ್ಲ ಎಂಬುದು ಅವರ ಹೆಮ್ಮೆ. ಅವರ ಮಗ, ಅಂದರೆ ಹಗ್ಗದಕ್ಕನ ಗಂಡ, ಅದೇ ವಿಷಯದಲ್ಲಿ ಮಗುಚಿಕೊಂಡು ಬಸ್ ಮೆಕ್ಯಾನಿಕ್ ಆಗಿದ್ದ. ಅವನು ಸ್ವಂತ ಮಗನಾದ್ದರಿಂದ ಲೆಕ್ಕಕ್ಕೆ ಬರುತ್ತಿರಲಿಲ್ಲ. ಅತ್ತೆಯ ಬಾಯಿಗೆ ಹೆದರಿ ಸೊಸೆ ಎರಡು ಸಲವೂ ಹೊರಗೆ ಟ್ಯೂಷನ್‌ಗೆ ಹೋಗಿದ್ದಳು. ಮೂರನೇ ಸಲ ಅತ್ತೆ ಊಟದ ಮೇಜು ಒರೆಸಿ, ಕನ್ನಡಕ ಏರಿಸಿ, ಎದುರಿನ ಕುರ್ಚಿ ಎಳೆದು ತೋರಿಸಿದರು. ಊರಿಗೆಲ್ಲ ಬಡಿಸಿದ ಕೈಯಿಂದ ಮನೆಯವಳಿಗೆ ಒಂದು ತುತ್ತು ಹಾಕಲಿಲ್ಲ ಅಂತ ನಾಳೆ ಜನ ಆಡಿಕೊಳ್ಳುವುದು ಬೇಡ ಅಂದರು.

ಬೆಳಕು, ಬಿಸಿ, ವಿದ್ಯುತ್ತು ಎಲ್ಲ ಸಲೀಸಾಗಿ ಮುಗಿದವು. ಅತ್ತೆಯ ಬಾಯಿಂದ ಒಂದೆರಡು ಸಲ "ಪರವಾಗಿಲ್ಲ" ಅನ್ನುವ ಮಾತೂ ಬಿತ್ತು. ಅವರ ಅಂಗಡಿಯಲ್ಲಿ ಅದಕ್ಕಿಂತ ಮೇಲಿನ ಸರಕು ಇರಲಿಲ್ಲ. ಬಂಡಿ ನಿಂತದ್ದು ಸರಾಸರಿ ವೇಗದ ಹತ್ತಿರ. ಒಂದು ನಾಯಿ ಚೆಂಡಿನ ಹಿಂದೆ ನಲವತ್ತು ಮೀಟರ್ ಓಡಿ, ಚೆಂಡು ಕಚ್ಚಿಕೊಂಡು ಹೊರಟ ಜಾಗಕ್ಕೇ ವಾಪಸು ಬರುತ್ತದೆ. ಅದರ ಸರಾಸರಿ ವೇಗ ಎಷ್ಟು ಎಂದು ಪ್ರಶ್ನೆ. ಹಗ್ಗದಕ್ಕ ಮೊದಲು ನಾಯಿಯ ವಯಸ್ಸು ಕೇಳಿದಳು. ಅತ್ತೆ ಕಣ್ಣು ಬಿಟ್ಟ ಮೇಲೆ ಒಟ್ಟು ದೂರವನ್ನು ಹೊತ್ತಿನಿಂದ ಭಾಗಿಸಿದಳು. ಅತ್ತೆ ಅದನ್ನು ಹೊಡೆದುಹಾಕಿ ಸೊನ್ನೆ ಬರೆದರು.

"ಅತ್ತೆ, ಎಂಬತ್ತು ಮೀಟರ್ ಓಡಿದೆ. ನಾಲಿಗೆ ಹೊರಗೆ ಬಿದ್ದಿರುತ್ತೆ. ಅದಕ್ಕೆ ಸೊನ್ನೆ ಅಂತ ಹೇಗೆ ಬರೀಲಿ?"

"ಸೊನ್ನೆ ನಾಯಿಗಲ್ಲ ಕಣೆ, ವೇಗಕ್ಕೆ."

"ವೇಗ ಯಾರದು? ನಾಯಿದೇ ತಾನೆ?"

ಅತ್ತೆ ಬಿಡಿಸಿ ಹೇಳಿದರು. ಓಡಿದ ದೂರವನ್ನೆಲ್ಲ ಕೂಡಿ ಹೊತ್ತಿನಿಂದ ಭಾಗಿಸಿದರೆ ಸಿಗುವುದು ಜವ. ವೇಗ ಬೇರೆ. ಅದಕ್ಕೆ ಎಲ್ಲಿಂದ ಹೊರಟಿತು, ಕೊನೆಗೆ ಎಲ್ಲಿ ನಿಂತಿತು, ಯಾವ ದಿಕ್ಕಿಗೆ ಅನ್ನುವುದು ಮಾತ್ರ ಬೇಕು. ಅದೇ ಸ್ಥಾನಪಲ್ಲಟ. ಹೊರಟಲ್ಲಿಗೇ ಬಂದರೆ ಅದು ಸೊನ್ನೆ, ಅದರ ಜೊತೆ ವೇಗವೂ ಸೊನ್ನೆ. ಸೊಸೆ ಇದನ್ನೆಲ್ಲ ಗಿಳಿಯ ಹಾಗೆ ಒಪ್ಪಿಸಿದಳು. ಬರೆಯುವಾಗ ಕೈ ಏಳಲಿಲ್ಲ.

ನಾಯಿಯ ಬದಲು ಡಬ್ಬ ಅಂದುಕೋ ಅಂತ ಅತ್ತೆ ಉಪಾಯ ಹೂಡಿದರು. ಡಬ್ಬ ಉರುಳಿ ಹೋಯಿತು, ಉರುಳಿ ಬಂತು. ಹಗ್ಗದಕ್ಕ ಕಣ್ಣು ಮಿಟುಕಿಸುವುದರೊಳಗೆ ಸೊನ್ನೆ ಬರೆದಳು. ಡಬ್ಬಕ್ಕೆ ಅನ್ಯಾಯವಾದರೆ ತನಗೇನು ಅಂದಳು. ಆದರೆ ಪ್ರಶ್ನೆ ತೆಗೆಯುವವರಿಗೆ ಡಬ್ಬದ ಮೇಲೆ ಪ್ರೀತಿ ಇರಲಿಲ್ಲ. ಒಮ್ಮೆ ಮೊಲ ಓಡಿಸಿದ್ದರು, ಇನ್ನೊಮ್ಮೆ ಮೇಕೆ. ಎರಡು ಸಲವೂ ಇವಳು ಆ ಪ್ರಾಣಿಗಳ ಪರ ವಹಿಸಿಕೊಂಡು ಬರೆದಿದ್ದಳು. ಎರಡು ಸಲವೂ ಕಡಿಮೆ ಬಿದ್ದದ್ದು ಆ ಒಂದೇ ಲೆಕ್ಕದ ಅಂಕ. ಪ್ರಾಣಿಗಳಿಗೆ ನ್ಯಾಯ ಸಿಕ್ಕಿತ್ತು, ಇವಳಿಗೆ ಹಗ್ಗ ಸಿಕ್ಕಿತ್ತು.

ಪರೀಕ್ಷೆ ಹತ್ತಿರ ಬಂದಾಗ ಪಾತ್ರೆ ಅಂಗಡಿಯ ಯಜಮಾನ ತನ್ನ ನಾಯಿಯನ್ನು ಮನೆಗೆ ಕರೆದೊಯ್ಯಲು ಆಸ್ಪತ್ರೆಗೆ ಬಂದ. ನಾಯಿ ಅಲ್ಲೇ ಒಳಗಿದ್ದು ಚಿಕಿತ್ಸೆ ಪಡೆದಿತ್ತು. ಮೊದಲ ದಿನಗಳಲ್ಲಿ ಜ್ವರಕ್ಕೆ ಸೊರಗಿ ಮೂಳೆ ಕಾಣುವಂತಾಗಿ, ಆಮೇಲೆ ಹಗ್ಗದಕ್ಕನ ಕೈಯಿಂದಲೇ ತಿಂದು ಚೇತರಿಸಿಕೊಂಡಿತ್ತು. ಯಜಮಾನ ಪಾತ್ರೆಯನ್ನೇ ತೂಗದೆ ಒಳಗೆ ಬಿಟ್ಟುಕೊಳ್ಳದವನು, ನಾಯಿಯನ್ನು ಬಿಟ್ಟಾನೆಯೇ. ತಕ್ಕಡಿ ಹತ್ತಿಸಿ ನೋಡಿದ. ತಂದ ದಿನ ಎಷ್ಟಿತ್ತೋ ಅಷ್ಟೇ. ನಾಯಿಯ ಊಟ ಯಾರ ಹೊಟ್ಟೆಗೆ ಹೋಯಿತು ಅಂತ ನಾಲ್ಕು ಜನ ಕೇಳುವಂತೆ ಶುರು ಮಾಡಿದ.

"ತಿಂದದ್ದರ ಲೆಕ್ಕ ಬೇರೆ ಸಾಹುಕಾರ್ರೇ, ಏರಿದ್ದರ ಲೆಕ್ಕ ಬೇರೆ," ಅಂದಳು ಹಗ್ಗದಕ್ಕ. "ಅದು ಇಳೀತು, ಆಮೇಲೆ ಇಳಿದಷ್ಟೂ ಏರಿತು. ತಂದಾಗಿನದು, ಈಗಿನದು ಎರಡೇ ನೋಡಿದರೆ ಸೊನ್ನೆ ಕಾಣುತ್ತೆ. ಅದು ನಾಯಿ ತಪ್ಪಲ್ಲ. ನೀವು ಕೇಳಿದ ಪ್ರಶ್ನೆಗೆ ಉತ್ತರವೇ ಸೊನ್ನೆ."

ಯಜಮಾನ ನಾಯಿಯನ್ನು ತಕ್ಕಡಿಯಿಂದ ಇಳಿಸಿಕೊಂಡು ಮನೆಯ ದಾರಿ ಹಿಡಿದ. ಹಗ್ಗದಕ್ಕನ ಬಾಯಿ ತೆರೆದೇ ಉಳಿಯಿತು. ತಾನು ಏನು ಹೇಳಿದೆ ಎಂದು ಅವಳಿಗೆ ಆಗಷ್ಟೇ ಕೇಳಿಸಿತ್ತು. ಇಷ್ಟು ದಿನ ಅವಳು ಆ ಸೊನ್ನೆಯನ್ನು ಓಡಿದ ಪ್ರಾಣಿಗೆ ಕೊಟ್ಟ ಅಂಕ ಅಂದುಕೊಂಡಿದ್ದಳು. ಪಟ್ಟ ಪಾಡಿಗೆ ಜವ ಇದೆ, ಅದನ್ನು ಯಾರೂ ಕಿತ್ತುಕೊಂಡಿಲ್ಲ. ವೇಗ ಕೇಳುವುದು ಬೇರೆಯದನ್ನು: ಇದ್ದಲ್ಲಿಂದ ಎಷ್ಟು ಸರಿದೆ, ಎಷ್ಟು ಹೊತ್ತಿನಲ್ಲಿ?

ಸಂಜೆ ಅವಳು ಚಪ್ಪಲಿ ಕೂಡ ಬಿಡದೆ ಮೇಜಿಗೆ ಹೋಗಿ ಕೂತು ಹಳೆಯ ನಾಯಿ, ಮೊಲ, ಮೇಕೆ ಎಲ್ಲವನ್ನೂ ಬಿಡಿಸಿದಳು. ಸೊನ್ನೆ ಬಂದಲ್ಲಿ ದುಂಡಗೆ, ದೊಡ್ಡದಾಗಿ ಬರೆದಳು. ಅತ್ತೆ ಪೂರ್ತಿ ನೋಡಿ, ಇಷ್ಟಕ್ಕೆ ಪಾತ್ರೆ ಅಂಗಡಿಯವನು ಬೇಕಾಯಿತಾ, ನಾನು ತಿಂಗಳುಗಟ್ಟಲೆ ಗಂಟಲು ಹರಿದುಕೊಂಡದ್ದು ಗಾಳಿಗೆ ಹೋಯಿತಾ ಅಂತ ಗೊಣಗಿದರು. ಗೊಣಗುತ್ತಲೇ ಇಬ್ಬರಿಗೂ ಚಹಾ ಮಾಡಿ ತಂದರು. ಅಡುಗೆಮನೆಯಿಂದ ತಾಯಿ ಲೋಟ ಹಿಡಿದು ಬಂದದ್ದನ್ನು ಕಂಡ ಮೆಕ್ಯಾನಿಕ್ ಮಗ ಏನೋ ಗ್ರಹಗತಿ ಬದಲಾಗಿದೆ ಅಂತ ಸುಮ್ಮನೆ ಹೊರಗೆ ಹೋಗಿ ಕೂತ.

ಪರೀಕ್ಷೆಯಲ್ಲಿ ಈ ಸಲ ಕುದುರೆ. ಲಾಯದಿಂದ ಪೂರ್ವಕ್ಕೆ ಒಂಬೈನೂರು ಮೀಟರನ್ನು ನೂರೈವತ್ತು ಸೆಕೆಂಡಿನಲ್ಲಿ ಓಡಿ, ಐವತ್ತು ಸೆಕೆಂಡು ನಿಂತು, ಪಶ್ಚಿಮಕ್ಕೆ ತಿರುಗಿ ಆರುನೂರು ಮೀಟರನ್ನು ನೂರು ಸೆಕೆಂಡಿನಲ್ಲಿ ಬರುತ್ತದೆ. ಸರಾಸರಿ ವೇಗ, ಸರಾಸರಿ ಜವ ಎರಡೂ ಬೇಕು. ಕುದುರೆ ಯಾಕೆ ನಿಂತಿತು, ಗೊರಸಿಗೆ ಕಲ್ಲು ಸಿಕ್ಕಿತೋ ಏನೋ ಅಂತ ಹಗ್ಗದಕ್ಕನ ಮನಸ್ಸು ಒಂದು ಕ್ಷಣ ಅದರ ಹಿಂದೆ ಹೋಯಿತು. ಹೋದದ್ದೇ ಒಳ್ಳೆಯದಾಯಿತು. ಅಕ್ಕಪಕ್ಕದವರು ಓಡಿದ ಹೊತ್ತನ್ನು ಮಾತ್ರ ಕೂಡಿದರು. ನಿಂತ ಕುದುರೆಯನ್ನು ಕಾದು ಗೊತ್ತಿದ್ದ ಇವಳು ನಿಂತದ್ದೂ ಹೊತ್ತೇ ಅಂತ ಐವತ್ತನ್ನೂ ಸೇರಿಸಿ ಮುನ್ನೂರು ಮಾಡಿದಳು. ಸರಿದದ್ದು ಪೂರ್ವಕ್ಕೆ ಮುನ್ನೂರು ಮೀಟರ್. ವೇಗ ಸೆಕೆಂಡಿಗೆ ಒಂದು ಮೀಟರ್, ಪೂರ್ವಕ್ಕೆ. ಓಡಿದ್ದು ಸಾವಿರದೈನೂರು, ಜವ ಸೆಕೆಂಡಿಗೆ ಐದು. ಕುದುರೆಗೆ ಒಂದೇ ಮೀಟರ್ ಸಿಕ್ಕಿತಲ್ಲ ಅಂತ ಈ ಸಲ ಮರುಕಪಡಲಿಲ್ಲ. ಕೆಳಗೆ ಗೀಟು ಎಳೆದು ಮುಂದಿನ ಪ್ರಶ್ನೆಗೆ ಹೋದಳು.

ಫಲಿತಾಂಶ ಬಂದಾಗ ಪಾಸಾಗಲು ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಅಂಕ. ಅತ್ತೆ ಮನೆಯಲ್ಲಿ "ಪರವಾಗಿಲ್ಲ" ಅಂದರು. ಆಮೇಲೆ ಹಾಲು ತರುವ ನೆಪದಲ್ಲಿ ಹೊರಟು ಇಡೀ ಬೀದಿಗೆ ಸುದ್ದಿ ಮುಟ್ಟಿಸಿ, ಹಾಲು ಮರೆತು ಬಂದರು.

ತರಬೇತಿ ಮುಗಿದು ಅವಳು ಅದೇ ಆಸ್ಪತ್ರೆಗೆ ಸಹಾಯಕಿಯಾಗಿ ಬಂದ ಮೊದಲ ಬೆಳಗ್ಗೆ ಲಸಿಕೆಯ ಸಾಲು ಗೇಟಿನ ತನಕ ಇತ್ತು. ಸಾಲಿನ ಮೊದಲಿಗೇ, ಎಲ್ಲರಿಗಿಂತ ಮುಂದೆ, ಒಂದು ಬುಟ್ಟಿ ಹಿಡಿದು ಅತ್ತೆ ನಿಂತಿದ್ದರು. ಜನ್ಮದಲ್ಲಿ ಪ್ರಾಣಿ ಸಾಕಿದವರಲ್ಲ. ಬುಟ್ಟಿಯಲ್ಲಿ ಪಕ್ಕದ ಮನೆಯ ಬೆಕ್ಕು, ಕೇಳಿ ತಂದದ್ದು. ತಮ್ಮ ವಿದ್ಯಾರ್ಥಿನಿಯ ಮೊದಲ ಸೂಜಿ ಬೇರೆಯವರ ಪಾಲಾಗಬಾರದಂತೆ. ಬೆಕ್ಕಿಗೆ ಈ ಗೌರವ ಬೇಕಿರಲಿಲ್ಲ. ಅದು ಮೈಯೆಲ್ಲ ಉಬ್ಬಿಸಿಕೊಂಡು ಬುಸುಗುಟ್ಟುತ್ತಿತ್ತು.

ಸಹಾಯಕಿ ಸಿರಿಂಜಿಗೆ ಔಷಧಿ ತುಂಬಿ, ಗಾಳಿ ತೆಗೆದು, ಬೆಳಕಿಗೆ ಹಿಡಿದು ನೋಡಿದಳು.

"ಅತ್ತೆ, ಕುತ್ತಿಗೆ ಹಿಂದೆ ಹಿಡ್ಕೊಳ್ಳಿ. ಗಟ್ಟಿಯಾಗಿ. ಪರಚಿದರೂ ಬಿಡಬೇಡಿ."

"ನೀನು ನಿನ್ನ ಕೆಲಸ ನೋಡು," ಅಂದರು ಟೀಚರು, ರವಿಕೆಯ ತೋಳು ಮೇಲಕ್ಕೆ ಮಡಚಿ ಬೆಕ್ಕಿನ ಕುತ್ತಿಗೆ ಹಿಡಿಯುತ್ತ. ಬೆಕ್ಕು ಪರಚಿತು. ಅವರು ಬಿಡಲಿಲ್ಲ.